ಅತ್ತೆ ಎರಡು ಸಲ ಬಿದ್ರು, ವಯಸ್ಸಾಯ್ತು ಅಂತ ಸುಮ್ನಿರೋದಾ?

ಪ್ರಶ್ನೆ: ಮೇಡಂ, ನಮ್ಮದು ಶಿರಸಿ ಹತ್ರ ಹಳ್ಳಿ, ಹಳೇ ಹಂಚಿನ ಮನೆ. ಅತ್ತೆಗೆ 74. ಮಳೆಗಾಲದಲ್ಲಿ ಅಂಗಳದಲ್ಲಿ ಜಾರಿ ಬಿದ್ರು, ಮೊಣಕೈ ತರಚಿತು ಅಷ್ಟೆ. ಮೊನ್ನೆ ಬಚ್ಚಲುಮನೇಲಿ ಸ್ನಾನ ಮುಗಿಸಿ ಏಳುವಾಗ ಮತ್ತೆ ಬಿದ್ರು. ಕೇಳಿದ್ರೆ "ವಯಸ್ಸಾತು, ಇನ್ನೆಂತ ಆಗ್ತು" ಅಂತಾರೆ. ಮನೆಯವ್ರು "ಹುಷಾರಾಗಿ ಓಡಾಡು" ಅಂತ ಹೇಳಿ ಸುಮ್ನಾಗ್ತಾರೆ. ನಂಗೊಬ್ಬಳಿಗೇ ಭಯ. ಏನ್ ಮಾಡ್ಲಿ?

ಉತ್ತರ: ನಿಮ್ಮ ಭಯ ಸರಿಯಾಗೇ ಇದೆ. ವರ್ಷದೊಳಗೆ ಒಂದ್ಸಲ ಬಿದ್ದವರು ಮತ್ತೆ ಬೀಳೋ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ, ನಿಮ್ಮತ್ತೆ ಎರಡು ಸಲ ಬಿದ್ದಾಗಿದೆ. ಜಗತ್ತಲ್ಲಿ ವರ್ಷಕ್ಕೆ ಸುಮಾರು 6.84 ಲಕ್ಷ ಜನ ಬಿದ್ದೇ ಸಾಯ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ, ಅದರಲ್ಲಿ ಹೆಚ್ಚಿನವರು 60 ದಾಟಿದವರು. ನಮ್ಮ ಜಿಲ್ಲೇಲಂತೂ ಸೊಂಟದ ಮೂಳೆ ಮುರಿದ್ರೆ ಎಷ್ಟೋ ಮನೆಯವರು ಹುಬ್ಬಳ್ಳಿ, ಮಣಿಪಾಲ ಅಂತ ಘಟ್ಟ ಹತ್ತಿ ಇಳೀಬೇಕು, ಅದು ನಿಮಗೆ ಗೊತ್ತಿರೋದೇ.

"ಹುಷಾರು" ಅಂದ್ರೆ ಏನೂ ಆಗಲ್ಲ, ಎಷ್ಟು ಜನ ಬೇಕಂತ ಬೀಳ್ತಾರೆ ಹೇಳಿ? ಅತ್ತೆ ಹತ್ರ ಕೂತ್ಕೊಂಡು ಒಂದೊಂದು ಸಲ ಬಿದ್ದಿದ್ದನ್ನೂ ಬಿಡಿಸಿ ಕೇಳಿ. ಎಷ್ಟು ಹೊತ್ತಿಗೆ, ಏನ್ ಮಾಡ್ತಿದ್ರಿ, ಕಾಲಲ್ಲಿ ಏನಿತ್ತು, ಜಾರಿದ್ದಾ, ಎಡವಿದ್ದಾ, ಕಣ್ಣು ಕತ್ತಲೆ ಬಂತಾ, ಕಾಲೇ ಸೋತು ಕುಸಿದ್ರಾ. ನೀವು ಬರೆದಿದ್ದು ನೋಡಿದ್ರೆ ಎರಡೂ ಬೇರೆ ಬೇರೆ ಥರ ಬಿದ್ದಿದ್ದು ಅನ್ಸುತ್ತೆ, ಹಾಗಾಗಿ ಮದ್ದೂ ಬೇರೆನೇ.

ಅಂಗಳದ್ದು ಪಾಚಿ. ಚಿರೆಕಲ್ಲಿನ ಮೆಟ್ಟಿಲು, ಬಾವಿಕಟ್ಟೆ, ಕೊಟ್ಟಿಗೆಗೆ ಹೋಗೋ ದಾರಿ, ಇವಿಷ್ಟನ್ನ ಮಳೆ ಹಿಡಿಯೋ ಮುಂಚೆ ಒಂದ್ಸಲ, ಮಧ್ಯೆ ಬಿಸಿಲು ಬಿದ್ದಾಗೆಲ್ಲ ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿ ಬ್ರಷ್ಷಲ್ಲಿ ತಿಕ್ಕಿ ತೊಳೀರಿ (ಟಾಯ್ಲೆಟ್ ತೊಳೆಯೋ ಆಸಿಡ್ ಜೊತೆ ಮಾತ್ರ ಅದನ್ನ ಸೇರಿಸ್ಬೇಡಿ, ವಿಷದ ಗಾಳಿ ಬರುತ್ತೆ). ನಡೆಯೋಕೆ ಅಂತ ಹಾಸಿದ ಅಡಿಕೆ ದಬ್ಬೆ ವರ್ಷ ಕಳೆದ್ರೆ ಅದೇ ಜಾರುತ್ತೆ, ಬದಲಾಯಿಸಿ. ಸವೆದು ನುಣ್ಣಗಾದ ಹವಾಯಿ ಚಪ್ಪಲಿ ಎಸೆದುಬಿಡಿ, ಹಿಮ್ಮಡಿ ಹಿಡಿಯೋ ಪಟ್ಟಿ ಇರೋ, ತಳದಲ್ಲಿ ಗೀರು ಇರೋ ಚಪ್ಪಲಿ ಕೊಡ್ಸಿ.

ಬಚ್ಚಲುಮನೇದು ನಂಗೆ ಜಾಸ್ತಿ ಯೋಚನೆ. ಹಂಡೆಯ ಸುಡುಸುಡು ನೀರು ಹೊಯ್ಕೊಂಡಾಗ ಮೈಯ ರಕ್ತನಾಳ ಹಿಗ್ಗುತ್ತೆ, ಬಿಪಿ ಇಳಿಯುತ್ತೆ, ಅದರ ಮೇಲೆ ಗೇಣೆತ್ತರದ ಮಣೆ ಮೇಲಿಂದ ದಡಕ್ಕನೆ ಎದ್ರೆ ತಲೆಗೆ ರಕ್ತ ಸಾಲದೆ ಕಣ್ಣು ಕತ್ತಲೆ ಬರುತ್ತೆ, ಕಾಲಡಿ ಎಣ್ಣೆ ಸೋಪು ಬೇರೆ. ಮಣೆ ಬದಲು ರಬ್ಬರ್ ಬುಡದ, ಮೊಣಕಾಲೆತ್ತರದ ಗಟ್ಟಿ ಸ್ಟೂಲ್ ಇಡಿ. ನೀರು ಸ್ವಲ್ಪ ಆರಿಸಿ. ಸ್ನಾನ ಆದ್ಮೇಲೆ ಕೂತಲ್ಲೇ ಮೈ ಒರೆಸ್ಕೊಂಡು, ಕಾಲು ಆಡಿಸಿ, ಆಮೇಲೆ ಏಳಲಿ. ಹಿಡ್ಕೊಳ್ಳೋಕೆ ಗೋಡೆಗೆ ಸ್ಟೀಲ್ ಹಿಡಿಕೆ ಬೇಕು, ಟವೆಲ್ ಕಂಬಿ ಹಿಡಿದ್ರೆ ಕಂಬಿ ಸಮೇತ ಬೀಳ್ತಾರೆ. ಹಳೇ ಮಣ್ಣಿನ ಗೋಡೆಗೆ ಸ್ಕ್ರೂ ನಿಲ್ಲಲ್ಲ, ಹಾಗಿದ್ರೆ ಬಡಗಿ ಕರೆದು ನೆಲದಿಂದ ಜಂತಿವರೆಗೆ ಒಂದು ಮರದ ಕಂಬ ನಿಲ್ಲಿಸಿ.

ಮನೇಲೇ ಒಂದು ಪರೀಕ್ಷೆ ಮಾಡಿ ನೋಡಿ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಮತ್ತೆ ಕೂರಬೇಕು, ಅವಸರ ಇಲ್ಲದೆ, ದಿನಾ ನಡೆಯೋ ಹಾಗೇ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ತಗೊಂಡ್ರೆ ಬೀಳೋ ಅಪಾಯ ಇದೆ ಅಂತ ಲೆಕ್ಕ. ನೀವು ಪಕ್ಕದಲ್ಲೇ ನಿಂತಿರಿ. ಕಣ್ಣಿನ ಪೊರೆ ಇದೆಯಾ ಅಂತಲೂ ತೋರಿಸಿ, ಒಂದೇ ಕನ್ನಡಕದಲ್ಲಿ ಓದೋ ಗಾಜು ಕೆಳಗಿದ್ರೆ ಮೆಟ್ಟಿಲು ಇಳಿಯುವಾಗ ಅದರಲ್ಲೇ ನೋಡ್ತಾರೆ, ಮೆಟ್ಟಿಲು ಮಸುಕಾಗುತ್ತೆ. ಹೊಸ್ತಿಲಿಗೂ ಮೆಟ್ಟಿಲ ಅಂಚಿಗೂ ಎರಡು ಬೆರಳಗಲ ಬಿಳಿ ಪೇಂಟ್ ಹೊಡೆಸಿ, ಖರ್ಚೂ ಇಲ್ಲ.

ಪ್ರಶ್ನೆ: ನಂಗೆ 69, ಕಾರವಾರ. ಬಿಪಿ, ಶುಗರ್ ಎರಡಕ್ಕೂ ಮಾತ್ರೆ ಇದೆ, ಈಚೆಗೆ ಪ್ರಾಸ್ಟೇಟಿಗೂ ಕೊಟ್ಟಿದಾರೆ. ರಾತ್ರಿ ಮೂತ್ರಕ್ಕೆ ಏಳುವಾಗ ತಲೆ ತಿರುಗುತ್ತೆ, ಒಮ್ಮೆ ಬಾಗಿಲು ಹಿಡ್ಕೊಂಡು ಬಚಾವಾದೆ. ಬಿಪಿ ಮಾತ್ರೆ ಬಿಟ್ಟುಬಿಡ್ಲಾ?

ಉತ್ತರ: ಖಂಡಿತ ನೀವಾಗೇ ಬಿಡ್ಬೇಡಿ ಸರ್, ಪಾರ್ಶ್ವವಾಯು ಬಂದ್ರೆ ಅದು ಇನ್ನೂ ಕಷ್ಟ. ಆದ್ರೆ ನಿಮ್ಮ ಅನುಮಾನ ಸರಿಯಾದ ದಾರಿಲೇ ಇದೆ. ಪ್ರಾಸ್ಟೇಟಿಗೆ ಕೊಡೋ ಟ್ಯಾಮ್ಸುಲೋಸಿನ್ ಥರದ ಕೆಲವು ಮಾತ್ರೆ ಎದ್ದು ನಿಂತಾಗ ಬಿಪಿ ಇಳಿಸುತ್ತೆ, ಬಿಪಿ ಮಾತ್ರೆ ಜೊತೆ ಸೇರಿದ್ರೆ ಇನ್ನೂ ಇಳಿಯಬಹುದು. ಡಾಕ್ಟ್ರ ಹತ್ರ ಹೋಗಿ "ಮಲಗಿದಾಗ ಒಂದ್ಸಲ, ಎದ್ದು ನಿಂತು 1 ನಿಮಿಷಕ್ಕೆ, 3 ನಿಮಿಷಕ್ಕೆ ಬಿಪಿ ನೋಡಿ" ಅಂತ ಬಾಯಿಬಿಟ್ಟು ಕೇಳಿ, ಕೂತಲ್ಲಿ ನೋಡಿದ್ರೆ ಇದು ಸಿಗದೇ ಹೋಗಬಹುದು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದ್ರೆ ಅವರು ಮಾತ್ರೆಯ ಹೊತ್ತೋ ಡೋಸೋ ಬದಲಾಯಿಸ್ತಾರೆ. ಮನೇಲಿರೋ ಮಾತ್ರೆ ಎಲ್ಲ ಒಂದು ಚೀಲಕ್ಕೆ ಹಾಕ್ಕೊಂಡು ಹೋಗಿ, ನಿದ್ದೆ ಮಾತ್ರೆ, ನೆಗಡಿ ಮಾತ್ರೆ, ಕಷಾಯ, ಲೇಹ್ಯ ಒಂದನ್ನೂ ಬಿಡದೆ. ನಿದ್ದೆ ಮಾತ್ರೆಯಂತೂ ನಡಿಗೆ ತಪ್ಪಿಸುತ್ತೆ, ಅದನ್ನ ತಗೊಳ್ತಿದ್ರೆ ಮುಚ್ಚಿಡ್ಬೇಡಿ. ತಲೆ ತಿರುಗೋದು ಶುಗರ್ ಇಳಿದಿದ್ದಕ್ಕೂ ಇರಬಹುದು, ಆ ಹೊತ್ತಿಗೆ ಒಂದ್ಸಲ ಚೆಕ್ ಮಾಡ್ಕೊಳ್ಳಿ. ಶುಗರ್ ಇರೋದ್ರಿಂದ ಅಂಗಾಲು ಜೋಮು ಇದೆಯಾ ಅಂತಲೂ ಪರೀಕ್ಷೆ ಆಗ್ಲಿ, ಕಾಲಿಗೆ ನೆಲ ಗೊತ್ತಾಗದೇ ಇದ್ರೆ ಕತ್ತಲಲ್ಲಿ ತೂಕ ತಪ್ಪುತ್ತೆ.

ಅಲ್ಲಿವರೆಗೆ ರಾತ್ರಿ ಎದ್ದಾಗ ಮಂಚದ ಅಂಚಲ್ಲೇ ಒಂದೆರಡು ನಿಮಿಷ ಕೂತು, ಪಾದ ಮೇಲೆ ಕೆಳಗೆ ಆಡಿಸಿ, ಲೈಟ್ ಹಾಕ್ಕೊಂಡು ಏಳಿ. ಕರಾವಳಿ ಮಳೇಲಿ ಕರೆಂಟ್ ಹೋಗೋದು ಇದ್ದಿದ್ದೇ, ಟಾರ್ಚ್ ಕೈಗೆ ಸಿಗೋ ಹಾಗೆ ಮಂಚಕ್ಕೇ ಕಟ್ಟಿಡಿ. ಮೂತ್ರಕ್ಕೆ ಏಳ್ಬೇಕಾಗುತ್ತೆ ಅಂತ ಹಗಲಲ್ಲೂ ನೀರು ಕಡಿಮೆ ಮಾಡ್ಬೇಡಿ, ಕಾರವಾರದ ಸೆಕೆಗೆ ಬೆವರಿ ಮೈ ಒಣಗಿದ್ರೆ ಬಿಪಿ ಇನ್ನೂ ಇಳಿಯುತ್ತೆ. ನೀರು ಹಗಲು ಕುಡೀರಿ, ಸಂಜೆ ಮೇಲೆ ಕಡಿಮೆ ಮಾಡಿ. ಕೂತು ಮೂತ್ರ ಮಾಡಿದ್ರೆ ಇನ್ನೂ ಒಳ್ಳೇದು.

ಪ್ರಶ್ನೆ: ಅಂಕೋಲಾದಿಂದ ಬರೀತಿದೀನಿ. ನಮ್ಮ ಅಮ್ಮಮ್ಮ ಬಿದ್ದು ಪೆಟ್ಟೇನೂ ಆಗ್ಲಿಲ್ಲ, ಆದ್ರೆ ಅವತ್ತಿಂದ ಹೆದರಿ ಕೋಣೆ ಬಿಟ್ಟು ಬರಲ್ಲ. ಕೋಲು ಕೊಟ್ರೆ ಸಾಕಾ?

ಉತ್ತರ: ಕೋಲು ಕೊಡಿ, ಆದ್ರೆ ಅಜ್ಜನ ಕಾಲದ್ದು ಮೂಲೆಲಿತ್ತು ಅಂತ ಕೊಡ್ಬೇಡಿ. ಚಪ್ಪಲಿ ಹಾಕಿ ನೇರ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಎಲ್ಲಿರುತ್ತೋ ಅಷ್ಟೇ ಎತ್ತರ ಇರ್ಬೇಕು, ಬುಡದಲ್ಲಿ ಸವೆಯದ ರಬ್ಬರ್ ಇರ್ಬೇಕು, ನೋಯೋ ಕಾಲಿನ ಎದುರು ಕೈಲಿ ಹಿಡೀಬೇಕು. ಕೂತೇ ಇದ್ರೆ ತೊಡೆಯ ಶಕ್ತಿ ಇಳಿಯುತ್ತೆ, ಆಮೇಲೆ ನಿಜವಾಗ್ಲೂ ಬೀಳ್ತಾರೆ. ಹಾಗಾಗಿ ಸಣ್ಣದಾಗಿ ಶುರು ಮಾಡ್ಸಿ: ಕುರ್ಚಿಯಿಂದ ಆದಷ್ಟು ಕೈ ಊರದೆ ಎದ್ದು ಕೂರೋದು ಐದು ಸಲ, ಅಡುಗೆಕಟ್ಟೆ ಹಿಡ್ಕೊಂಡು ಹಿಮ್ಮಡಿ ಎತ್ತೋದು ಹತ್ತು ಸಲ, ಆಮೇಲೆ ಕಟ್ಟೆ ಹಿಡ್ಕೊಂಡೇ ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ನಿಲ್ಲೋದು. ಇಂಥ ಬ್ಯಾಲೆನ್ಸ್ ವ್ಯಾಯಾಮ ತಿಂಗಳಾನುಗಟ್ಟಲೆ ಬಿಡದೆ ಮಾಡಿದ್ರೆ ಬೀಳೋದು ಕಡಿಮೆ ಆಗುತ್ತೆ ಅಂತ ಸಂಶೋಧನೆಗಳಲ್ಲಿ ಗಟ್ಟಿಯಾಗಿ ಕಂಡಿದೆ. ನೀವು ಪಕ್ಕದಲ್ಲಿರಿ, ಕೈ ಹಿಡಿದು ಎಳೀಬೇಡಿ.

ಬಿದ್ರೆ ಏಳೋದು ಹೇಗೆ ಅಂತ್ಲೂ ಹೇಳ್ಕೊಡಿ, ಅರ್ಧ ಹೆದರಿಕೆ ಅದರದ್ದೇ. ಗಡಿಬಿಡಿ ಮಾಡದೆ ಪಕ್ಕಕ್ಕೆ ಹೊರಳಿ, ಕೈ ಮಂಡಿ ಊರಿ, ಅಂಬೆಗಾಲಲ್ಲಿ ಗಟ್ಟಿ ಕುರ್ಚಿವರೆಗೆ ಹೋಗಿ, ಒಂದು ಪಾದ ಊರಿ ಕುರ್ಚಿ ಹಿಡಿದು ಏಳೋದು. ಸೊಂಟದ ಹತ್ರ ಜೋರು ನೋವು, ಒಂದು ಕಾಲು ಗಿಡ್ಡವಾಗಿ ಹೊರಗೆ ತಿರುಗಿದ ಹಾಗೆ ಕಂಡ್ರೆ ಯಾರೂ ಎತ್ತಿ ನಿಲ್ಲಿಸ್ಬೇಡಿ, 108ಕ್ಕೆ ಫೋನ್ ಮಾಡಿ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು ತಲೆ ತಾಗಿ ಬಿದ್ರೆ ಚೆನ್ನಾಗೇ ಇದಾರೆ ಅನಿಸಿದ್ರೂ ಆಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ.