ಕ್ಯಾಮ್ ಕೊನೆಗೆ ಆರಿಸಿ, ಮೊದಲು ಡೆಕ್ ಅಳೆಯಿರಿ

ಇಂಜಿನ್ ಮತ್ತೆ ಕಟ್ಟೋಕೆ ಅಂತ ನೀವು ಗುಂಪಿನಲ್ಲಿ ಹಾಕಿದ ಬಿಡಿಭಾಗಗಳ ಪಟ್ಟಿ ನೋಡಿದೆ. 70ರ ದಶಕದ ಶೆವಿ (ಶೆವರ್ಲೆ) 350 ಕ್ಯೂಬಿಕ್ ಇಂಚಿನ ವಿ8 ಇಂಜಿನ್, 30 ಥೌ (ಇಂಚಿನ ಸಾವಿರದ ಒಂದು ಭಾಗ ಒಂದು ಥೌ) ಅಗಲ ಮಾಡಿದ ಸಿಲಿಂಡರ್, ಅಂದ್ರೆ ಓವರ್‌ಬೋರ್, ಅಗ್ಗದ ರೀಬಿಲ್ಡ್ ಕಿಟ್ ಪಿಸ್ಟನ್, 76 ಸಿಸಿ ಚೇಂಬರಿನ (ಪೆಟ್ರೋಲ್ ಉರಿಯೋ ಗುಂಡಿಯ) ಹಳೇ ಹೆಡ್, 050ರಲ್ಲಿ (ವಾಲ್ವ್ ಎತ್ತೋ ಲಿಫ್ಟರ್ 50 ಥೌ ಎದ್ದಾಗಿಂದ ಅಳೆದ್ರೆ) 244 ಡಿಗ್ರಿ ಕ್ಯಾಮ್, ಅಂದ್ರೆ ವಾಲ್ವ್ ತೆರೆದು ಮುಚ್ಚಿಸೋ ದಂಡ, 750 ಡಬಲ್ ಪಂಪರ್ ಕಾರ್ಬ್ಯುರೇಟರ್, ಹಿಂದಿನ ಆಕ್ಸಲ್‌ನಲ್ಲಿ 2.73 ಗೇರ್, ಆಟೋ ಗೇರ್‌ಬಾಕ್ಸಿಗೆ ಸ್ಟಾಕ್ (ಗಾಡಿ ಜೊತೆ ಬಂದದ್ದೇ) ಟಾರ್ಕ್ ಕನ್ವರ್ಟರ್. ಇಷ್ಟೆಲ್ಲ ಬರೆದು ಕೇಳಿದ್ದು ಮಾತ್ರ "ಐಡಲ್ ನಿಲ್ಲುತ್ತಾ?" ಅಂತ. ಐಡಲ್ ಹೇಗಾದ್ರೂ ನಿಲ್ಲಿಸಬಹುದು ಸ್ವಾಮಿ, ಗಾಡಿ ಮುಂದಕ್ಕೆ ಹೋಗಬೇಕಲ್ಲ! ಹೆಚ್ಚುಕಮ್ಮಿ ಇದೇ ಜೋಡಣೆಯ ಗಾಡಿ ಒಂದು ಕಾಲದಲ್ಲಿ ನನ್ನ ಹತ್ರಾನೂ ಇತ್ತು. ಸಿಗ್ನಲ್ಲಲ್ಲಿ ನಿಂತಿದ್ರೆ ಎಲ್ಲರೂ ತಿರುಗಿ ನೋಡೋರು, ಹಸಿರು ಬಿದ್ದ ಮೇಲೆ ಸ್ಕೂಟರ್‌ಗಳು ದಾಟಿಕೊಂಡು ಹೋಗೋವು.

26 ಇಂಚಿನ ಟೈರು, 2.73 ಗೇರು ಇದ್ರೆ ಟಾಪ್‌ನಲ್ಲಿ 100 ಕಿ.ಮೀ. ವೇಗಕ್ಕೆ ಇಂಜಿನ್ ತಿರುಗೋದು ಸುಮಾರು 2,200 ಆರ್‌ಪಿಎಂ. ನಿಮ್ಮ ಕ್ಯಾಮ್ ಕಣ್ಣು ಬಿಡೋದೇ 3,000 ದಾಟಿದ ಮೇಲೆ. ಅಂದ್ರೆ ದಿನನಿತ್ಯದ ಓಡಾಟ ಪೂರ್ತಿ ಅದು ನಿದ್ದೆಯಲ್ಲೇ ಇರುತ್ತೆ. ಜೊತೆಗೆ ಐಡಲ್ ವ್ಯಾಕ್ಯೂಮ್ ಬಿದ್ದುಹೋಗಿ ಪವರ್ ಬ್ರೇಕ್ ಪೆಡಲ್ ಕಲ್ಲಾಗುತ್ತೆ, ಅದು ತಮಾಷೆಯಲ್ಲ.

ಆದ್ರೆ ನನಗೆ ಕ್ಯಾಮ್‌ಗಿಂತ ಹೆಚ್ಚು ಭಯ ಆಗಿದ್ದು ಆ ಪಿಸ್ಟನ್ ನೋಡಿ. ಡಬ್ಬದ ಮೇಲೆ ಕಂಪ್ರೆಷನ್ ಹೈಟ್ (ಪಿನ್ನಿನ ನಡುವಿನಿಂದ ಪಿಸ್ಟನ್ ತಲೆವರೆಗಿನ ಎತ್ತರ) ಎಷ್ಟಿದೆ ಅಂತ ಓದಿದ್ರಾ? 350ರ ಡೆಕ್ (ಹೆಡ್ ಕೂರೋ ಬ್ಲಾಕಿನ ಮೇಲ್ಮುಖ) ಎತ್ತರ, ಕ್ರ್ಯಾಂಕ್ ನಡುವಿನಿಂದ, 9.025 ಇಂಚು. ಅರ್ಧ ಸ್ಟ್ರೋಕ್ 1.74, ರಾಡ್ 5.7, ಪಿಸ್ಟನ್ 1.56, ಕೂಡಿದ್ರೆ 9.000. ಅಂದ್ರೆ ಸರಿಯಾದ ಪಿಸ್ಟನ್ ಹಾಕಿದ್ರೂ ಟಾಪ್‌ನಲ್ಲಿ ಅದು ಡೆಕ್‌ಗಿಂತ 25 ಥೌ ಕೆಳಗೇ ನಿಲ್ಲುತ್ತೆ. ಅಗ್ಗದ ರೀಬಿಲ್ಡರ್ ಪಿಸ್ಟನ್ ಎಷ್ಟೋ 1.54 ಇರ್ತವೆ. ಬ್ಲಾಕನ್ನ ಮೊದಲೇ ಯಾರಾದ್ರೂ ಡೆಕ್ ಮಾಡಿದ್ರೂ (ಮೇಲ್ಮುಖ ಕತ್ತರಿಸಿದ್ರೂ) ಸೇಫ್ ಆಗಿರಲಿ ಅಂತ 20 ಥೌ ಗಿಡ್ಡ ಮಾಡಿರ್ತಾರೆ. ನಿಮ್ಮ ಬ್ಲಾಕ್ ಯಾರೂ ಮುಟ್ಟದೇ ಇದ್ದದ್ದಾದ್ರೆ 45 ಥೌ ಕೆಳಗೆ, ಅದರ ಮೇಲೆ 40ರ ಆಸುಪಾಸಿನ ಗ್ಯಾಸ್ಕೆಟ್. ಕ್ವೆಂಚ್, ಅಂದ್ರೆ ಪಿಸ್ಟನ್ ಮೇಲೆ ಬಂದಾಗ ಅದಕ್ಕೂ ಹೆಡ್‌ಗೂ ಉಳಿಯೋ ಸಂದು, 85 ಥೌ! ಅದಕ್ಕೆ ಕ್ವೆಂಚ್ ಅಂತ ಹೆಸರಿಡೋದೇ ತಪ್ಪು. ನಾಲ್ಕು ವಾಲ್ವ್ ರಿಲೀಫಿಗೆ (ವಾಲ್ವ್ ತಗುಲದಿರಲಿ ಅಂತ ಪಿಸ್ಟನ್ ತಲೆಯಲ್ಲಿ ಬಿಟ್ಟ ತಗ್ಗಿಗೆ) 6 ಸಿಸಿ ಹಿಡಿದು ಲೆಕ್ಕ ಹಾಕಿದೆ, ಕಂಪ್ರೆಷನ್ ಅನುಪಾತ 8.3 ಬರುತ್ತೆ. ಇದರ ಮೇಲೆ ಇಂಟೇಕ್ ವಾಲ್ವನ್ನ ಅಷ್ಟು ತಡವಾಗಿ ಮುಚ್ಚೋ ಕ್ಯಾಮ್ ಕೂರಿಸಿದ್ರೆ ಸಿಲಿಂಡರಿನಲ್ಲಿ ಒತ್ತೋಕೆ ಏನು ಉಳೀತು ಹೇಳಿ.

ಅದಕ್ಕೇ ನನ್ನ ಕ್ರಮ ಯಾವಾಗಲೂ ಒಂದೇ, ಮತ್ತು ಇದರಲ್ಲಿ ನಾನು ಹಠಮಾರಿ. ಮಷೀನ್ ಶಾಪ್‌ಗೆ "ಇಷ್ಟು ಕತ್ತರಿಸಿ" ಅಂತ ಹೇಳೋ ಮುಂಚೆ ಕ್ರ್ಯಾಂಕ್ ಇಟ್ಟು, ನಾಲ್ಕು ಮೂಲೆಯ ಸಿಲಿಂಡರ್, ಅಂದ್ರೆ 1, 2, 7, 8ಕ್ಕೆ ರಿಂಗ್ ಇಲ್ಲದೆ ಪಿಸ್ಟನ್ ಹಾಕಿ ಡಯಲ್ ಗೇಜ್‌ನಲ್ಲಿ ಅಳೀರಿ. ಗೇಜ್ ಮುಳ್ಳು ಪಿಸ್ಟನ್ ಪಿನ್ನಿನ ನೇರಕ್ಕೇ ಇರಲಿ. ಬದಿಗೆ ಇಟ್ರೆ ಪಿಸ್ಟನ್ ತೂಗಾಡಿ ಸುಳ್ಳು ಲೆಕ್ಕ ಕೊಡುತ್ತೆ. ಮುಂದಕ್ಕೂ ಹಿಂದಕ್ಕೂ ವ್ಯತ್ಯಾಸ ಬಂದ್ರೆ ಡೆಕ್ ಓರೆ ಅಂತ ಅರ್ಥ, ಆಗ ಹೇಗೂ ಮಷೀನಿಂಗ್ ಬೇಕೇ ಬೇಕು. ಹೆಡ್‌ಗೆ ವಾಲ್ವು, ಪ್ಲಗ್ಗು ಹಾಕಿ, ತೂತು ಕೊರೆದ ಅಕ್ರಿಲಿಕ್ ಹಲಗೆಯನ್ನ ಗ್ರೀಸ್ ಹಚ್ಚಿ ಕೂರಿಸಿ, ಸಿರಿಂಜ್‌ನಲ್ಲಿ ಬಣ್ಣ ಹಾಕಿದ ಸ್ಪಿರಿಟ್ ತುಂಬಿ. ಕ್ಯಾಟಲಾಗ್‌ನ 76 ನಿಮ್ಮ ಹೆಡ್‌ನಲ್ಲಿ 76 ಇರಬೇಕು ಅಂತೇನಿಲ್ಲ. ವಾಲ್ವ್ ಸೀಟು ಕತ್ತರಿಸಿದ್ರೆ ಚೇಂಬರ್ ದೊಡ್ಡದಾಗಿರುತ್ತೆ, ಮುಖ ಮಿಲ್ ಮಾಡಿಸಿದ್ರೆ ಚಿಕ್ಕದು.

ನನ್ನನ್ನ ಕೇಳಿದ್ರೆ ಆ ಹೆಡ್ ಬಿಟ್ಟುಬಿಡಿ. ಶೆವಿಯದೇ ಆಮೇಲಿನ ವೋರ್ಟೆಕ್ ಹೆಡ್ 64 ಸಿಸಿ. 1.56 ಫ್ಲಾಟ್ ಟಾಪ್ ಪಿಸ್ಟನ್, 39 ಥೌ ಗ್ಯಾಸ್ಕೆಟ್ ಜೊತೆ 9.7 ಬರುತ್ತೆ. ಕ್ವೆಂಚ್ ಮಾತ್ರ 64 ಥೌ, ಇನ್ನೂ ಸಡಿಲವೇ. 15 ಥೌನ ಸ್ಟೀಲ್ ಶಿಮ್ ಗ್ಯಾಸ್ಕೆಟ್ ಹಾಕಿದ್ರೆ ಕ್ವೆಂಚ್ 40ಕ್ಕೆ ಬರುತ್ತೆ, ಆದ್ರೆ ಕಂಪ್ರೆಷನ್ 10.2 ದಾಟುತ್ತೆ. ಕಬ್ಬಿಣದ ಹೆಡ್‌ನಲ್ಲಿ ಸಾಮಾನ್ಯ ಪೆಟ್ರೋಲ್ ಹಾಕಿಕೊಂಡು ಅಷ್ಟು ದೂರ ಹೋಗೋ ಧೈರ್ಯ ನನಗಿಲ್ಲ. ಅಲ್ಲೇ 12 ಸಿಸಿ ಡಿ-ಡಿಶ್ (ತಲೆಯಲ್ಲಿ D ಆಕಾರದ ತಗ್ಗಿರೋ) ಪಿಸ್ಟನ್ ಹಾಕಿ, 9.6. ಕಂಪ್ರೆಷನ್ ಹದವಾಗಿ, ಕ್ವೆಂಚ್ ಬಿಗಿಯಾಗಿ ಇರುತ್ತೆ. ದುಂಡು ಡಿಶ್ ಬೇಡ, ಅದು ಕ್ವೆಂಚ್ ಜಾಗವನ್ನೇ ತಿಂದುಹಾಕುತ್ತೆ. ಸಡಿಲ ಕ್ವೆಂಚಿನ 9ಕ್ಕಿಂತ ಬಿಗಿ ಕ್ವೆಂಚಿನ 9.6 ಕಡಿಮೆ ನಾಕ್ (ಪೆಟ್ರೋಲ್ ಅಕಾಲದಲ್ಲಿ ಉರಿದು ಟಕಟಕ ಬಡಿಯೋದು) ಮಾಡೋದನ್ನ ಕಣ್ಣಾರೆ ನೋಡಿದ್ದೀನಿ. ಕ್ವೆಂಚ್‌ನಲ್ಲಿ 35 ಥೌಗಿಂತ ಕೆಳಗೆ ಮಾತ್ರ ಇಳೀಬೇಡಿ. ಶಿಮ್ ಗ್ಯಾಸ್ಕೆಟ್‌ಗೆ ಡೆಕ್ಕೂ ಹೆಡ್ಡೂ ಎರಡೂ ನೇರವಾಗಿ, ನುಣುಪಾಗಿ ಇರಬೇಕು. ಅಲ್ಯೂಮಿನಿಯಂ ಹೆಡ್‌ಗೆ ಅದನ್ನ ಹಾಕಬೇಡಿ.

ವೋರ್ಟೆಕ್ ತಗೊಂಡ್ರೆ ಬಿರುಕಿಗೆ ಟೆಸ್ಟ್ ಮಾಡಿಸದೆ ದುಡ್ಡು ಕೊಡಬೇಡಿ. ಇಂಟೇಕ್ ಮ್ಯಾನಿಫೋಲ್ಡ್ ಬೋಲ್ಟ್ ಜಾಗವೇ ಬೇರೆ, ನಿಮ್ಮ ಹಳೇದು ಕೂರಲ್ಲ. ಎಡೆಲ್‌ಬ್ರಾಕ್ ಪರ್ಫಾರ್ಮರ್ ಆರ್‌ಪಿಎಂನಲ್ಲಿ ವೋರ್ಟೆಕ್‌ಗೇ ಮಾಡಿದ್ದು ಬರುತ್ತೆ, ನನ್ನ ಆಯ್ಕೆ ಅದೇ. ವಾಲ್ವ್ ಒತ್ತೋ ರಾಕರ್ ಸೆಲ್ಫ್ ಅಲೈನಿಂಗ್ (ವಾಲ್ವ್ ಮೇಲೆ ತಾನೇ ನೇರ ನಿಲ್ಲೋದು) ಇರಬೇಕು. ಸ್ಟಾಕ್ ವಾಲ್ವ್ ಸ್ಪ್ರಿಂಗ್, ಅದನ್ನ ಹಿಡಿಯೋ ಬಿಲ್ಲೆ ರಿಟೇನರ್ ಇಟ್ಟುಕೊಂಡು ಅರ್ಧ ಇಂಚು ಲಿಫ್ಟ್ ಆಸೆಪಟ್ರೆ ರಿಟೇನರ್ ಬಂದು ಸೀಲ್‌ಗೆ ಗುದ್ದುತ್ತೆ.

ಇಷ್ಟಾದ ಮೇಲೆ ಕ್ಯಾಮ್ ಮಾತು. 9.6 ಕಂಪ್ರೆಷನ್‌ಗೆ, ಬೀದಿ ಗಾಡಿಗೆ, 050ರಲ್ಲಿ 218ರಿಂದ 224 ಡಿಗ್ರಿ, 110 ಅಥವಾ 112 ಲೋಬ್ ಸೆಪರೇಷನ್ (ಕ್ಯಾಮ್‌ನ ಇಂಟೇಕ್, ಎಕ್ಸಾಸ್ಟ್ ಉಬ್ಬುಗಳ ನಡುವಿನ ಕೋನ). ಆಗಲೂ ಕನ್ವರ್ಟರ್ ಸ್ವಲ್ಪ ಸಡಿಲದ್ದು (ಹೆಚ್ಚು ಆರ್‌ಪಿಎಂವರೆಗೆ ಜಾರೋದು), ಹಿಂದೆ 3.42ರ ಸುತ್ತಮುತ್ತಲ ಗೇರು ಬೇಕಾಗುತ್ತೆ. ಬಜೆಟ್ ಇದ್ರೆ ಲಿಫ್ಟರ್ ತುದಿಗೆ ಗಾಲಿ ಇರೋ ಹೈಡ್ರಾಲಿಕ್ ರೋಲರ್‌ಗೆ ಹೋಗಿ. 1987ಕ್ಕಿಂತ ಹಳೇ ಬ್ಲಾಕ್ ಆದ್ದರಿಂದ ರೆಟ್ರೋಫಿಟ್ ಲಿಫ್ಟರ್ ಬೇಕು, ದುಬಾರಿ, ಗೊತ್ತು. ಗಾಲಿ ಇಲ್ಲದ ಫ್ಲಾಟ್ ಟ್ಯಾಪೆಟ್ಟೇ ಅಂದ್ರೆ ಹೊಸ ಕ್ಯಾಮ್‌ಗೆ ಹೊಸ ಲಿಫ್ಟರ್, ಝಿಂಕ್ ಇರೋ ಬ್ರೇಕ್-ಇನ್ ಆಯಿಲ್. ಡಿಸ್ಟ್ರಿಬ್ಯೂಟರ್ ತೆಗೆದು ಡ್ರಿಲ್‌ನಿಂದ ಆಯಿಲ್ ಪಂಪ್ ತಿರುಗಿಸಿ, ಹದಿನಾರೂ ರಾಕರ್‌ಗೆ ಎಣ್ಣೆ ಬರೋತನಕ ಬಿಡಬೇಡಿ. ಸ್ಟಾರ್ಟ್ ಆದ ಕೂಡಲೇ 2,000ದಿಂದ 2,500ರಲ್ಲಿ ಇಪ್ಪತ್ತರಿಂದ ಮೂವತ್ತು ನಿಮಿಷ, ಏರಿಸುತ್ತಾ ಇಳಿಸುತ್ತಾ. ಡಬಲ್ ಸ್ಪ್ರಿಂಗ್ ಇದ್ರೆ ಅಷ್ಟು ಹೊತ್ತಿಗೆ ಒಳಗಿನದ್ದು ತೆಗೆದಿಡಿ. "ಶಬ್ದ ಕೇಳೋಣ" ಅಂತ ಮೊದಲ ದಿನವೇ ಐಡಲ್‌ಗೆ ಬಿಟ್ಟು ವಿಡಿಯೋ ಹಾಕೋರನ್ನ ಈ ಗುಂಪಿನಲ್ಲೇ ನೋಡ್ತಾ ಇದ್ದೀನಿ. ಆಮೇಲೆ ಲೋಬ್ ಹೋಯ್ತು ಅಂತ ಕ್ಯಾಮ್ ಕಂಪನಿಯನ್ನ ಬೈಯೋದೂ ಅವರೇ. ಸವೆದ ಕಬ್ಬಿಣದ ಪುಡಿ ಬೇರಿಂಗಿಗೂ ಹೋಗಿರುತ್ತೆ, ಕ್ಯಾಮ್ ಒಂದನ್ನೇ ಬದಲಾಯಿಸಿದ್ರೆ ಸಾಲಲ್ಲ.

ಕಾರ್ಬ್ಯುರೇಟರ್‌ಗೆ ಬಂದ್ರೆ, ಓವರ್‌ಬೋರ್ ಆದ ಮೇಲಿನ 355 ಕ್ಯೂಬಿಕ್ ಇಂಚನ್ನ 5,800 ಆರ್‌ಪಿಎಂನಿಂದ ಗುಣಿಸಿ 3,456ರಿಂದ ಭಾಗಿಸಿ, ನಿಮಿಷಕ್ಕೆ 596 ಘನ ಅಡಿ ಗಾಳಿ. ಅದೂ ಪೂರ್ತಿ ನೂರಕ್ಕೆ ನೂರು ಉಸಿರಾಡಿದ್ರೆ. ಹಾಲಿ (Holley) ಕಂಪನಿಯ 600 ವ್ಯಾಕ್ಯೂಮ್ ಸೆಕೆಂಡರಿ ಧಾರಾಳವಾಗಿ ಸಾಕು. ಆಟೋ ಗೇರ್‌ಬಾಕ್ಸಿನ ಭಾರದ ಗಾಡಿಗೆ ಡಬಲ್ ಪಂಪರ್ ಅಂದ್ರೆ ಆಕ್ಸಿಲರೇಟರ್ ತುಳಿದಾಗೆಲ್ಲ ಒಂದು ಕ್ಷಣ ಮುಗ್ಗರಿಸುತ್ತೆ.

ಇನ್ನು ಚಿಲ್ಲರೆ ವಿಷಯ. ಪಿಸ್ಟನ್ನಿನ ಟಾಪ್ ರಿಂಗ್ ಗ್ಯಾಪ್ (ರಿಂಗಿನ ಎರಡು ತುದಿಗಳ ಸಂದು) 18 ಥೌ, ಎರಡನೇದು 20. ರಿಂಗ್ ಕಂಪನಿ ಚೀಟಿ ಬೇರೆ ಹೇಳಿದ್ರೆ ಅದನ್ನೇ ಕೇಳಿ. ಡಬ್ಬದಿಂದ ತೆಗೆದದ್ದನ್ನ ಅಳೆಯದೆ ಹಾಕಬೇಡಿ. ಸಿಲಿಂಡರ್ ಹೋನಿಂಗ್ (ಒಳಗೋಡೆ ಉಜ್ಜೋದು) ಹೆಡ್ ಬದಲಿಗೆ ಬಿಗಿಯೋ ದಪ್ಪ ಟಾರ್ಕ್ ಪ್ಲೇಟ್ ಬಿಗಿದೇ ಮಾಡಿಸಿ, ಇಲ್ಲ ಅನ್ನೋ ಶಾಪ್‌ನಿಂದ ಬ್ಲಾಕ್ ವಾಪಸ್ ತನ್ನಿ. ಎಆರ್‌ಪಿ ಕಂಪನಿಯ ರಾಡ್ ಬೋಲ್ಟ್ ಹಾಕ್ತೀನಿ ಅಂದಿದ್ದೀರಿ, ಒಳ್ಳೇದು. ಆದ್ರೆ ಬೋಲ್ಟ್ ಬದಲಾದ್ರೆ ರಾಡಿನ ಬಿಗ್ ಎಂಡ್ (ಕ್ರ್ಯಾಂಕ್ ಹಿಡಿಯೋ ತೂತು) ರೀಸೈಜ್ ಆಗಲೇಬೇಕು. 1986 ಮತ್ತು ಆಮೇಲಿನ ಕ್ರ್ಯಾಂಕ್ ಯಾರಾದ್ರೂ ಕೊಡ್ತೀನಿ ಅಂದ್ರೆ ಬೇಡ ಅನ್ನಿ, ಹಿಂದಿನ ಸೀಲೂ ಬೇರೆ, ಕನ್ವರ್ಟರ್ ಕೂರೋ ಫ್ಲೆಕ್ಸ್‌ಪ್ಲೇಟ್ ಬ್ಯಾಲೆನ್ಸೂ ಬೇರೆ.

ಬ್ಲಾಕಿನ ಹಿಂಭಾಗ, ಡ್ರೈವರ್ ಕಡೆ ಬೆಲ್‌ಹೌಸಿಂಗ್ ಅಂಚಿನಲ್ಲಿರೋ ಕಾಸ್ಟಿಂಗ್ ನಂಬರ್, ಪಿಸ್ಟನ್ ಪಾರ್ಟ್ ನಂಬರ್, ನಾಲ್ಕು ಮೂಲೆಯ ಡೆಕ್ ಅಳತೆ ಇಲ್ಲೇ ಕೆಳಗೆ ಹಾಕಿ. ಗಾಡಿಯ ತೂಕ, ಟೈರ್ ಎತ್ತರಾನೂ ಬರೀರಿ, ಅದಿಲ್ಲದೆ ಕನ್ವರ್ಟರ್ ಸ್ಟಾಲ್ (ಅದು ಹಿಡಿತ ಶುರುಮಾಡೋ ಆರ್‌ಪಿಎಂ) ಎಷ್ಟು ಅಂತ ಯಾರೂ ಹೇಳೋಕಾಗಲ್ಲ.