ಅಥ್ಲೆಟಿಕ್ಸ್‌ಗೆ ಯಾವ ಯೂನಿವರ್ಸಿಟಿ ಒಳ್ಳೆಯದು ಎಂದು ಕೇಳಿದ ತಂಗಿಗೆ

ದ್ವಿತೀಯ ಪಿಯುಸಿ, 400 ಮೀಟರ್ ಓಟ, ಮೂರು ಕಾಲೇಜಿನಿಂದ ಫೋನ್ ಬಂದಿದೆ, ಜಾಸ್ತಿ ಮೆಡಲ್ ಇರುವ ಯೂನಿವರ್ಸಿಟಿಗೇ ಸೇರಬೇಕು, ಯಾವುದು ಹೇಳಿ ಎಂದು ಕೇಳಿದ್ದೀಯ. ಓದುತ್ತಿದ್ದ ಹಾಗೆ ಎದೆ ಹಿಂಡಿದಂತಾಯಿತು. 2016ರಲ್ಲಿ ನಾನು ಸಿಕ್ಕವರನ್ನೆಲ್ಲ ಇದನ್ನೇ ಕೇಳುತ್ತಿದ್ದೆ. ನೀನು ಎಂದೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನನ್ನ ಸ್ವಂತ ತಂಗಿಗಿಂತ ಚಿಕ್ಕವಳು ನೀನು.

ನಾನು ಹಾವೇರಿ ಜಿಲ್ಲೆಯವಳು. 2010ರ ನವೆಂಬರಿನಲ್ಲಿ ಉಡುಪಿ ಜಿಲ್ಲೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ ಗೆದ್ದರು. ಮರುದಿನ ನಮ್ಮ ಶಾಲೆಯ ಪಿಟಿ ಸರ್ ಪೇಪರ್ ಹಿಡಿದುಕೊಂಡು ಪ್ರಾರ್ಥನೆಗೆ ಬಂದರು. ಫೋಟೋ ತೋರಿಸಿ, 'ನಮ್ಮ ಕರ್ನಾಟಕದ ಹುಡುಗಿ' ಎಂದರು. ಆ ವಾರವೇ ಬಿದಿರು ಕಡಿಸಿ ತಂದು, ಎರಡು ಗೂಟ ನೆಟ್ಟು, ಮೇಲೊಂದು ಅಡ್ಡಕೋಲು ಇಟ್ಟು ಹರ್ಡಲ್ ಮಾಡಿದರು. ಕೋಲನ್ನು ಕಟ್ಟುತ್ತಿರಲಿಲ್ಲ. ಕಾಲು ತಾಗಿದರೆ ಬೀಳಲಿ ಎಂದು ಸುಮ್ನೆ ಇಡುತ್ತಿದ್ದರು. ಹಾಗೆ ಶುರುವಾದದ್ದು, ಪಿಯು ರಾಜ್ಯಮಟ್ಟದ ಕೂಟದಲ್ಲಿ 68 ಸೆಕೆಂಡಿಗೆ ಬಂದು ನಿಂತಿತು. ಆಮೇಲೆ ನನಗೂ ಫೋನುಗಳು ಬಂದವು. ಫ್ರೀ ಹಾಸ್ಟೆಲ್, ಫ್ರೀ ಊಟ, ಕಿಟ್ ಕೊಡುತ್ತೇವೆ, ಒಂದು ಸಲ ಬಂದು ನೋಡಿ ಎಂದರು.

ಅಪ್ಪನೂ ನಾನೂ ಬೆಳಗಿನ ಜಾವದ ಬಸ್ಸು ಹತ್ತಿ ಹೋದೆವು. ಕಾಲೇಜು ಮುಟ್ಟಿದಾಗ ಹನ್ನೊಂದು ಗಂಟೆ. ಈ ಹನ್ನೊಂದು ಗಂಟೆಯನ್ನು ನೆನಪಿಟ್ಟುಕೋ, ಮತ್ತೆ ಇಲ್ಲಿಗೇ ಬರುತ್ತೇನೆ. ಪ್ರಿನ್ಸಿಪಾಲರ ಕೋಣೆಯಲ್ಲಿ ಕೂರಿಸಿ ಕಾಫಿ ಕೊಟ್ಟರು. ಗೋಡೆ ಪೂರ್ತಿ ಗಾಜಿನ ಕಪಾಟು, ಅದರ ತುಂಬ ಕೂಟಗಳಲ್ಲಿ ಗೆದ್ದ ಕಪ್ಪುಗಳು. ಗೇಟಿನ ಹತ್ತಿರ ದೊಡ್ಡ ಫ್ಲೆಕ್ಸು, ಅದರಲ್ಲಿ ಯೂನಿವರ್ಸಿಟಿ ಬ್ಲೇಜರ್ ಹಾಕಿಕೊಂಡ ಓಟಗಾರ್ತಿ. ಅಪ್ಪ ಮದುವೆಗೆ ಹೋಗುವಾಗ ಹಾಕುವ ಬಿಳಿ ಅಂಗಿ ಹಾಕಿದ್ದರು. ಕಪಾಟು ನೋಡಿ ನನ್ನ ಕಿವಿಯಲ್ಲಿ, 'ಇಷ್ಟು ಗೆದ್ದವರು ನಿನ್ನನ್ನು ಕೈಬಿಡ್ತಾರೇನೇ' ಎಂದರು. ಕಿಟಕಿಯಿಂದಲೇ ಮೈದಾನ ತೋರಿಸಿದರು. ದೊಡ್ಡದಾಗಿತ್ತು, ಸುತ್ತ ಮರಗಳಿದ್ದವು. ಅಲ್ಲೇ ಫಾರಂ ತುಂಬಿದೆವು. ಒಂದೂವರೆಯ ಬಸ್ಸಿಗೆ ವಾಪಸ್ ಹೊರಟೆವು.

ನಾನು ಮಾಡಿದ ತಪ್ಪು ಇದೇ. ಆಮೇಲೆ ಆದದ್ದೆಲ್ಲ ಇದರಿಂದಲೇ ಆಯಿತು. ಹನ್ನೊಂದು ಗಂಟೆಗೆ ಯಾವ ಕಾಲೇಜಿನ ಮೈದಾನದಲ್ಲೂ ಯಾರೂ ಇರುವುದಿಲ್ಲ. ಖಾಲಿ ಮೈದಾನ ಯಾವಾಗಲೂ ಚೆಂದವೇ ಕಾಣುತ್ತದೆ. ಅಲ್ಲಿ ಬೆಳಿಗ್ಗೆ ಐದೂವರೆಗೆ ಎಷ್ಟು ಜನ ಬರುತ್ತಾರೆ, ಯಾರು ಓಡಿಸುತ್ತಾರೆ, ಕೋಚ್ ಕೈಯಲ್ಲಿ ಸ್ಟಾಪ್‌ವಾಚ್ ಇದೆಯೋ ಮೊಬೈಲ್ ಇದೆಯೋ, ಓಟ ಮುಗಿದ ಮೇಲೆ ಹುಡುಗಿಯರ ಮುಖ ಹೇಗಿರುತ್ತದೆ, ಇದ್ಯಾವುದೂ ಹನ್ನೊಂದಕ್ಕೆ ಕಾಣುವುದಿಲ್ಲ. ಪ್ರಿನ್ಸಿಪಾಲರು ಸುಳ್ಳು ಹೇಳಲಿಲ್ಲ. ನಾನು ಕೇಳಿದ್ದಕ್ಕೆಲ್ಲ ಸರಿಯಾಗಿಯೇ ಉತ್ತರ ಕೊಟ್ಟರು. ನಾನು ಕೇಳಿದ್ದು ಒಂದೇ, 'ಎಷ್ಟು ಮೆಡಲ್ ಬಂದಿದೆ ಸರ್?' ಒಂದು ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ಮೈದಾನದ ಅಂಚಿಗೆ ಹೋಗಿ ನಿಂತಿದ್ದರೆ ಸಾಕಿತ್ತು, ಅರ್ಧ ಗಂಟೆಯಲ್ಲಿ ಎಲ್ಲ ತಿಳಿಯುತ್ತಿತ್ತು. ಉಳಿಯಲು ಅಡ್ಡಿಯೇನೂ ಇರಲಿಲ್ಲ. ಅದೇ ಊರಿನಲ್ಲಿ ಚಿಕ್ಕಮ್ಮನ ಮನೆ ಇತ್ತು. ಕಪಾಟು ನೋಡಿದ ಮೇಲೆ ಇನ್ನೇನು ನೋಡಬೇಕು ಎಂದು ನಾನೇ ಅಪ್ಪನನ್ನು ಬಸ್‌ಸ್ಟ್ಯಾಂಡಿಗೆ ಹೊರಡಿಸಿದೆ.

ಸೇರಿದ ಮೊದಲ ವಾರ ಸ್ಟೋರ್ ರೂಮಿನ ಬೀಗ ತೆಗೆಸಿದೆ. ಹರ್ಡಲ್‌ಗಳು ನಾಲ್ಕು ಇದ್ದವು. ಒಂದಕ್ಕೆ ಕಾಲಿರಲಿಲ್ಲ. ಉಳಿದ ಮೂರು, ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಪೈಪಿನಿಂದ ಮಾಡಿಸಿದವು. ನಿಯಮದ ಹರ್ಡಲ್‌ 3.6ರಿಂದ 4 ಕೆ.ಜಿ.ಯಷ್ಟು ಬಲ ತಾಗಿದರೆ ಮಗುಚಬೇಕು. ಇವುಗಳಿಗೆ ಒದ್ದರೂ ಅಲುಗುತ್ತಿರಲಿಲ್ಲ. ನಮ್ಮ ಪಿಟಿ ಸರ್ ಬಿದಿರಿನ ಕೋಲನ್ನು ಯಾಕೆ ಕಟ್ಟುತ್ತಿರಲಿಲ್ಲ ಎಂದು ಅವತ್ತು ಅರ್ಥವಾಯಿತು.

400 ಹರ್ಡಲ್ಸ್ ಎಂದರೆ ಹತ್ತು ಹರ್ಡಲ್. ಮೊದಲನೆಯದಕ್ಕೆ 45 ಮೀಟರ್, ಆಮೇಲೆ 35 ಮೀಟರಿಗೊಂದು, ಕೊನೆಯದರಿಂದ ಗೆರೆಗೆ 40 ಮೀಟರ್. ಒಂದರಿಂದ ಇನ್ನೊಂದಕ್ಕೆ ಹೆಜ್ಜೆ ಎಣಿಸಿಯೇ ಓಡಬೇಕು. ನನ್ನದು ಹದಿನೇಳು ಹೆಜ್ಜೆ. ಮೂರೇ ಹರ್ಡಲ್ ಇಟ್ಟುಕೊಂಡು ವರ್ಷವಿಡೀ ಓಡಿದರೆ ನಾಲ್ಕನೆಯದಕ್ಕೆ ಕಾಲು ಎಲ್ಲಿ ಬೀಳುತ್ತದೆ ಎಂದು ಮೈಗೆ ಗೊತ್ತೇ ಆಗುವುದಿಲ್ಲ, ಅಲ್ವಾ? ಮೊದಲ ಇಂಟರ್ ಕಾಲೇಜ್ ಕೂಟದಲ್ಲಿ ಮೂರರವರೆಗೆ ನಾನೇ ಮುಂದಿದ್ದೆ. ನಾಲ್ಕನೆಯದರ ಮುಂದೆ ಹೆಜ್ಜೆ ತಪ್ಪಿತು. ಚಿಕ್ಕ ಚಿಕ್ಕ ಹೆಜ್ಜೆ ಇಟ್ಟು, ಬಹುತೇಕ ನಿಂತು, ಆ ಕಾಲು ಬಿಟ್ಟು ಈ ಕಾಲಿನಲ್ಲಿ ಹಾರಿದೆ. ಟೈಮಿಂಗ್ 71 ಸೆಕೆಂಡ್. ಬಿದಿರಿನ ಕೋಲು ಹಾರುತ್ತಿದ್ದಾಗ 68 ಇದ್ದವಳು ನಾನು.

ಪಿ.ಡಿ. ಸರ್, ಅಂದರೆ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು, ಒಳ್ಳೆಯವರು, ಇವತ್ತಿಗೂ ಗೌರವವಿದೆ. ಆದರೆ ಅವರು ಕಬಡ್ಡಿಯವರು. ಕಬಡ್ಡಿ, ಖೋ ಖೋ, ವಾಲಿಬಾಲ್, ಅಥ್ಲೆಟಿಕ್ಸ್, ಎಲ್ಲವನ್ನೂ ಅವರೊಬ್ಬರೇ ನೋಡಿಕೊಳ್ಳಬೇಕಿತ್ತು. ಹಾಗಾದರೆ ಕಪಾಟಿನ ಅಥ್ಲೆಟಿಕ್ಸ್ ಕಪ್ಪುಗಳು ಎಲ್ಲಿಂದ ಬಂದವು? ಸೆಮಿಸ್ಟರ್ ಪರೀಕ್ಷೆಯ ದಿನ ಗೊತ್ತಾಯಿತು. ಫ್ಲೆಕ್ಸಿನಲ್ಲಿದ್ದ ಹುಡುಗಿ ಹಾಲ್ ಟಿಕೆಟ್ ಹಿಡಿದು ಕಾರಿಡಾರಿನಲ್ಲಿ ನಿಂತಿದ್ದಳು. ನನ್ನ ಹತ್ತಿರ ಬಂದು, 'ಈ ರೂಮು ಯಾವ ಕಡೆ ಬರುತ್ತೆ?' ಎಂದು ಕೇಳಿದಳು. ಅವಳ ಅಡ್ಮಿಷನ್ ಮಾತ್ರ ಇಲ್ಲಿ. ಅಭ್ಯಾಸ, ಊಟ, ಕೋಚ್ ಎಲ್ಲ ಬೆಂಗಳೂರಿನಲ್ಲಿ. ಅವಳದು ತಪ್ಪೆನ್ನುವುದಿಲ್ಲ. ಓಡುವವರಿಗೂ ಡಿಗ್ರಿ ಬೇಕು, ಕಾಲೇಜಿಗೂ ಹೆಸರು ಬೇಕು. ಆದರೆ ಆ ಮೆಡಲ್ ನೋಡಿ ನಾನು ಸೇರಿದೆನಲ್ಲ, ಅದರ ಹಿಂದಿನ ಬೆವರು ಆ ಮೈದಾನದ್ದಾಗಿರಲಿಲ್ಲ.

ಅದಕ್ಕೇ ಹೇಳುತ್ತೇನೆ, ನಿನ್ನ ಪ್ರಶ್ನೆಯೇ ಸರಿಯಿಲ್ಲ. ನಮ್ಮಲ್ಲಿ ಬಹುತೇಕ ಯೂನಿವರ್ಸಿಟಿಗಳು ನಿನ್ನನ್ನು ದಿನಾ ಓಡಿಸುವುದಿಲ್ಲ. ಇಂಟರ್ ಕಾಲೇಜ್ ಕೂಟ ಮಾಡಿ, ಅದರಿಂದ ತಂಡ ಆರಿಸಿ, ಕೆಲವು ದಿನ ಕ್ಯಾಂಪ್ ಹಾಕಿ, ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ಕಳಿಸುತ್ತವೆ. ವರ್ಷದ ಉಳಿದ ದಿನ ನೀನು ಇರುವುದು ಕಾಲೇಜಿನ ಮೈದಾನದಲ್ಲಿ, ಅಲ್ಲಿನ ಕೋಚ್ ಕೈಯಲ್ಲಿ. ಒಂದೇ ಯೂನಿವರ್ಸಿಟಿಯ ಕೆಳಗೆ ಚಿನ್ನದಂಥ ಕಾಲೇಜೂ ಇರುತ್ತದೆ, ನನ್ನಂಥವಳು ಮೂರು ಹರ್ಡಲ್‌ನಲ್ಲಿ ಒದ್ದಾಡಿದ ಕಾಲೇಜೂ ಇರುತ್ತದೆ.

ಮೂಡುಬಿದಿರೆ ಕಡೆ ಹೋಗಲೇ ಎಂದೂ ಕೇಳಿದ್ದೀಯ. 2020ರ ಜನವರಿಯಲ್ಲಿ ಅಲ್ಲಿನ ಸ್ವರಾಜ್ಯ ಮೈದಾನದಲ್ಲಿ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ನಡೆದಾಗ ನಾನು ಹೋಗಿದ್ದೆ. ಆಗ ನನ್ನ ಡಿಗ್ರಿ ಮುಗಿದಿತ್ತು, ಸುಮ್ನೆ ನೋಡಲು ಹೋದದ್ದು. ಸಿಂಥೆಟಿಕ್ ಟ್ರ್ಯಾಕ್ ಮೇಲೆ ಹತ್ತು ಹರ್ಡಲ್ ಸಾಲಾಗಿ ಇಟ್ಟಿದ್ದನ್ನು ನೋಡಿಯೇ ಕಣ್ಣು ತುಂಬಿತು. ಆ ಸಲ ಒಟ್ಟಾರೆ ಚಾಂಪಿಯನ್ ಆದದ್ದು, ಆ ಊರಿನ ಕಾಲೇಜುಗಳು ಸೇರಿರುವ ಮಂಗಳೂರು ವಿಶ್ವವಿದ್ಯಾಲಯ. ಆ ಊರಿನಲ್ಲಿ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಓದಿಸುವ ವ್ಯವಸ್ಥೆ ಬಹಳ ವರ್ಷಗಳಿಂದ ಇದೆ, ಅದರ ಫಲ ಕಣ್ಣಿಗೆ ಕಾಣುತ್ತದೆ. ಹೋಗುವುದಾದರೆ ಖಂಡಿತ ಹೋಗಿ ನೋಡು. ಆದರೆ ಅಲ್ಲಿಯೂ ಹೆಸರು ನೋಡಿ ಸೇರಬೇಡ. 'ನನ್ನ 400 ಮೀಟರ್ ನೋಡಿಕೊಳ್ಳುವವರು ಯಾರು, ಅವರ ಕೈಯಲ್ಲಿ ಎಷ್ಟು ಜನ ಇದ್ದಾರೆ' ಎಂದು ಕೇಳಿ ಸೇರು.

ಹೋಗುವಾಗ ಎರಡು ದಿನ ಇಟ್ಟುಕೊಂಡು ಹೋಗು. ಸಂಜೆ ನಾಲ್ಕೂವರೆಗೆ ಮುಟ್ಟು, ಪ್ರಾಕ್ಟೀಸ್ ನೋಡು. ರಾತ್ರಿ ಹಾಸ್ಟೆಲಿನಲ್ಲಿ ಸೀನಿಯರ್ ಅಕ್ಕಂದಿರ ಜೊತೆ ಮಲಗಲು ಕೇಳು. ಕೊಡುವುದಿಲ್ಲ ಎಂದರೆ ಯಾಕೆ ಎಂದು ಕೇಳು. ಬೆಳಿಗ್ಗೆ ಐದೂವರೆಗೆ ಮೈದಾನದಲ್ಲಿರು. ಪ್ರತಿ ಸೀನಿಯರ್‌ಗೂ ಒಂದೇ ಪ್ರಶ್ನೆ ಹಾಕು: ಸೇರುವಾಗ ನಿಮ್ಮ ಟೈಮಿಂಗ್ ಎಷ್ಟಿತ್ತು, ಈಗ ಎಷ್ಟು? ನಾಲ್ಕು ಜನರನ್ನು ಕೇಳಿದರೆ ಆ ಕಾಲೇಜಿನ ಜಾತಕ ನಿನ್ನ ಕೈಗೆ ಬರುತ್ತದೆ. ಪ್ರಾಕ್ಟೀಸ್ ಮುಗಿಸಿ ಎಂಟೂಕಾಲಿಗೆ ಬಂದವರಿಗೆ ಮೆಸ್ಸಿನಲ್ಲಿ ತಿಂಡಿ ಉಳಿದಿರುತ್ತದೆಯೋ ನೋಡು. ನಮಗೆ ಎಷ್ಟೋ ದಿನ ತಣ್ಣಗಾದ ಉಪ್ಪಿಟ್ಟು, ಅದೂ ತಳದ್ದು. ಕೂಟಕ್ಕೆ ಹೋದ ದಿನಗಳಿಗೆ ಹಾಜರಿ ಕೊಡುತ್ತಾರೆಯೋ, ಪರೀಕ್ಷೆಯೂ ಕೂಟವೂ ಒಟ್ಟಿಗೆ ಬಂದರೆ ಏನು ಮಾಡುತ್ತಾರೆ, ಅದನ್ನೂ ಸೀನಿಯರ್‌ಗಳನ್ನೇ ಕೇಳು. ಆಫೀಸಿನಲ್ಲಿ ಕೇಳಿದರೆ 'ಅಡ್ಜಸ್ಟ್ ಮಾಡ್ತೀವಮ್ಮ' ಎನ್ನುತ್ತಾರೆ.

ಇನ್ನೊಂದು ಮಾತು. ಯಾವ ಕೋರ್ಸ್ ಎಂದು ನಿನ್ನ ಪ್ರಶ್ನೆಯಲ್ಲಿ ಒಂದು ಸಾಲೂ ಇಲ್ಲ. ನನಗೆ ಬಿ.ಎಸ್ಸಿ. ಬೇಕಿತ್ತು. 'ಸ್ಪೋರ್ಟ್ಸ್ ಹುಡುಗಿಗೆ ಲ್ಯಾಬ್ ಎಲ್ಲ ಯಾಕೆ, ಬಿ.ಎ. ಆರಾಮ' ಎಂದು ಬರೆಸಿಬಿಟ್ಟರು. ಬಿ.ಎ. ಕಡಿಮೆ ಎಂದಲ್ಲ. ನನ್ನನ್ನು ಒಂದು ಮಾತೂ ಕೇಳಲಿಲ್ಲ ಎಂಬ ಸಿಟ್ಟು ಇನ್ನೂ ಹೋಗಿಲ್ಲ. ನಿನಗೆ ಏನು ಓದಬೇಕು ಎಂದು ಮೊದಲು ನೀನು ತೀರ್ಮಾನ ಮಾಡು, ಆಮೇಲೆ ಅವರ ಹತ್ತಿರ ಹೋಗು.

ಗಾಯದ ವಿಷಯ ಕೇಳಲು ಜನ ಹಿಂಜರಿಯುತ್ತಾರೆ. ನೀನು ಕೇಳಲೇಬೇಕು. ಎರಡನೇ ವರ್ಷದ ಮಳೆಗಾಲದಲ್ಲಿ ನಮ್ಮ ಮೈದಾನ ಕೆರೆಯಾಯಿತು. ಎರಡು ತಿಂಗಳು ಟಾರ್ ರಸ್ತೆಯಲ್ಲಿ ಓಡಿದೆವು. ಮೊಣಕಾಲಿನ ಕೆಳಗೆ ಮೂಳೆ ಮೇಲೆ ಬೆರಳಿಟ್ಟರೆ ಒಂದೇ ಜಾಗದಲ್ಲಿ ಸೂಜಿ ಚುಚ್ಚಿದ ಹಾಗೆ ನೋವು. ಶಿನ್ ನೋವು ಎಲ್ಲರಿಗೂ ಬರುತ್ತದೆ ಎಂದು ಬಟ್ಟೆ ಕಟ್ಟಿ ಓಡಿದೆ. ಕೊನೆಗೆ ಅಪ್ಪನೇ ಬಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಮೂಳೆಯಲ್ಲಿ ಸಣ್ಣ ಬಿರುಕು ಎಂದರು, ಎಂಟು ವಾರ ಓಡಬಾರದು. ಆ ವರ್ಷ ನಾನು ಕೂಟಕ್ಕೆ ಹೋಗಲಿಲ್ಲ. ಮಾರ್ಚ್‌ನಲ್ಲಿ ಹಾಸ್ಟೆಲ್ ಫೀಸಿನ ಚೀಟಿ ಬಂತು. ಫ್ರೀ ಎಂದಿದ್ದರಲ್ಲ ಎಂದೆ. 'ಆಡಿದವರಿಗೆ ಫ್ರೀ' ಎಂದರು. ಬರವಣಿಗೆಯಲ್ಲಿ ನನ್ನ ಹತ್ತಿರ ಏನೂ ಇರಲಿಲ್ಲ. ಅಪ್ಪ ಮೆಕ್ಕೆಜೋಳ ಮಾರಿದ ದುಡ್ಡು ತಂದು ಕಟ್ಟಿದರು. ಬಂದಾಗ ಅದೇ ಬಿಳಿ ಅಂಗಿ ಹಾಕಿದ್ದರು.

ಆದ್ದರಿಂದ, ಗಾಯವಾದರೆ ಹಾಸ್ಟೆಲ್, ಫೀಸು, ಚಿಕಿತ್ಸೆ ಯಾರದ್ದು ಎಂದು ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಬರೆಸಿಕೋ. ಕೇಳಲು ನಾಚಿಕೆ ಬೇಡ. ಕಳೆದ ವರ್ಷ ಗಾಯವಾದ ಹುಡುಗಿ ಈಗ ಎಲ್ಲಿದ್ದಾಳೆ ಎಂದು ಕೇಳಿ, ಅವಳನ್ನು ಹುಡುಕಿಕೊಂಡು ಹೋಗಿ ಮಾತಾಡಿಸು.

ನಿನ್ನ ಪ್ರಶ್ನೆಯ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯ: ಈಗಿನ ಸರ್ ಹತ್ತಿರ ಎರಡು ವರ್ಷದಲ್ಲಿ 66ರಿಂದ 60 ಸೆಕೆಂಡಿಗೆ ಬಂದೆ, ಆದರೆ ನಮ್ಮೂರಿನ ಕಾಲೇಜಿಗೆ ಹೆಸರಿಲ್ಲ. ಅದನ್ನೇ ನೀನು ಮೊದಲ ಸಾಲಾಗಿ ಬರೆಯಬೇಕಿತ್ತು! ಎರಡು ವರ್ಷದಲ್ಲಿ ಆರು ಸೆಕೆಂಡ್ ಇಳಿಸಿದವರು ನಿನ್ನ ಊರಿನಲ್ಲೇ ಇದ್ದಾರೆ. ಅವರು ಇನ್ನೂ ಮೂರು ವರ್ಷ ಅಲ್ಲೇ ಇರುತ್ತಾರೆ ಎಂದಾದರೆ ನಾನು ನಿನ್ನ ಜಾಗದಲ್ಲಿ ಊರಿನ ಕಾಲೇಜಿಗೇ ಸೇರುತ್ತಿದ್ದೆ. ಊರಿನ ಕಾಲೇಜಿನಿಂದಲೂ ಇಂಟರ್ ಕಾಲೇಜ್ ಕೂಟಕ್ಕೆ ಹೋಗಬಹುದು, ಗೆದ್ದರೆ ಯೂನಿವರ್ಸಿಟಿ ತಂಡಕ್ಕೂ ಬರಬಹುದು. ಅಂತರ ವಿಶ್ವವಿದ್ಯಾಲಯ ಕೂಟಗಳಿಗೆ 25 ವರ್ಷದವರೆಗೂ ಅವಕಾಶವಿದೆ. ಪಿ.ಜಿ.ಗೆ ಬೇಕಾದರೆ ದೊಡ್ಡ ಹೆಸರಿನ ಕಡೆ ಹೋಗು. ಸರ್ ಹತ್ತಿರ ಕೂತು ಇದನ್ನೆಲ್ಲ ಕೇಳಿದ್ದೀಯಾ? ಇವತ್ತೇ ಕೇಳು. ಅವರಿಗೇ ಟ್ರಾನ್ಸ್‌ಫರ್ ಆಗುವ ಹಾಗಿದ್ದರೆ ಮಾತು ಬೇರೆ.

ನಾನೀಗ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ಕಾಲೇಜು ನೋಡಲು ಕರೆದುಕೊಂಡು ಹೋಗಿದ್ದೆ. ಹಿಂದಿನ ಸಂಜೆಯೇ ಹೋಗಿ ಉಳಿದೆವು. ಬೆಳಿಗ್ಗೆ ಐದೂ ಮುಕ್ಕಾಲಿಗೆ ಮಣ್ಣಿನ ಟ್ರ್ಯಾಕ್ ಮೇಲೆ ಮಬ್ಬುಗತ್ತಲಲ್ಲಿ ಹುಡುಗಿಯರು ಓಡುತ್ತಿದ್ದರು. ಗೆರೆಯ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬಳು ಕೂತಿದ್ದಳು. ಒಂದು ಕಾಲಿಗೆ ಪ್ಲಾಸ್ಟರ್, ಕೈಯಲ್ಲಿ ಸ್ಟಾಪ್‌ವಾಚ್, ತೊಡೆಯ ಮೇಲೆ ಉದ್ದ ನೋಟ್‌ಬುಕ್. ಪ್ರತಿ ಸುತ್ತಿಗೂ ಎಲ್ಲರ ಹೆಸರು ಕೂಗಿ ಟೈಮ್ ಹೇಳಿ ಬರೆದುಕೊಳ್ಳುತ್ತಿದ್ದಳು. ನನ್ನ ಹುಡುಗಿ ಅವಳ ಪಕ್ಕ ಹೋಗಿ ಕೂತಳು. ಇಬ್ಬರೂ ಬಹಳ ಹೊತ್ತು ಮಾತಾಡಿದರು. ವಾಪಸ್ ಬಂದವಳು, 'ಮೇಡಂ, ಆಫೀಸು ಎಷ್ಟು ಗಂಟೆಗೆ ತೆಗೀತಾರೆ?' ಎಂದು ಕೇಳಿದಳು.