ಟಿಕೆಟ್ಟಿನ ಜಗಳ ಟಿಕೆಟ್ಟಿನಷ್ಟಕ್ಕೇ ನಿಲ್ಲಲಿ

ಮೈಸೂರಿನಿಂದ ಬೆಳಗಾವಿಗೆ ವರ್ಗವಾಗಿ ಬರಲಿರುವ ತಾವು ಎರಡು ಪ್ರಶ್ನೆ ಕೇಳಿದ್ದೀರಿ. ಗಡಿಯ ಊರಿನಲ್ಲಿ ದಿನವೂ ಗಲಾಟೆ ಇರುತ್ತದೆಯೇ ಎಂಬುದು ಒಂದು, ಇದ್ದರೆ ಅದು ಕೈಮೀರದಂತೆ ಕಾಯುವವರು ಯಾರು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಚಿಕ್ಕದು: ಇಲ್ಲ. ಇಲ್ಲಿ ನಡೆಯುವ ಅಪರಾಧಗಳು ಬಹುಮಟ್ಟಿಗೆ ತಮ್ಮ ಮೈಸೂರಿನಲ್ಲಿ ನಡೆಯುವಂಥವೇ. ಮನೆಗಳ್ಳತನ, ಸರಗಳ್ಳತನ, ಮಟಕಾ, ಹೊಲದ ಬದುವಿನ ವ್ಯಾಜ್ಯ, ಕೈಸಾಲದ ಜಗಳ, ಈಚೆಗೆ ಫೋನಿನಲ್ಲಿಯೇ ಖಾತೆ ಖಾಲಿ ಮಾಡುವ ವಂಚನೆ. ಗಡಿಗೆಂದೇ ವಿಶೇಷವಾಗಿ ಹೇಳಬೇಕಾದರೆ, ಚೋರ್ಲಾ ಘಾಟ್ ಮತ್ತು ಕಣಕುಂಬಿಯ ದಾರಿಯಿಂದ ಕದ್ದು ಬರುವ ಗೋವಾದ ಅಗ್ಗದ ಮದ್ಯವನ್ನು ಹೇಳಬಹುದು.

ಎರಡನೆಯ ಪ್ರಶ್ನೆಗೆ ಉತ್ತರ ಉದ್ದವಾಗುತ್ತದೆ. ನನ್ನದು ಬೆಳಗಾವಿಯ ಶಹಾಪುರದಲ್ಲಿ ಬ್ಯಾನರ್ ಮುದ್ರಣದ ಅಂಗಡಿ. ಆ ಕಾರಣಕ್ಕೋ ಏನೋ, ಕೆಲವು ವರ್ಷಗಳಿಂದ ಪೊಲೀಸ್ ಠಾಣೆಯ ಶಾಂತಿ ಸಮಿತಿಯಲ್ಲಿ ನನ್ನ ಹೆಸರೂ ಇದೆ. ಅಲ್ಲಿ ಕುಳಿತು ನಾನು ಕಂಡುಕೊಂಡದ್ದು ಇಷ್ಟು: ಈ ಊರಿನಲ್ಲಿ ಕಾಯಬೇಕಾದದ್ದು ಅಪರಾಧವನ್ನು ಮಾತ್ರವಲ್ಲ, ಅಪರಾಧ ನಡೆದ ಮೊದಲ ಎರಡು ತಾಸಿನಲ್ಲಿ ಅದಕ್ಕೆ ಯಾರು ಏನೆಂದು ಹೆಸರಿಡುತ್ತಾರೆ ಎಂಬುದನ್ನು.

2025ರ ಫೆಬ್ರವರಿಯಲ್ಲಿ ನಡೆದದ್ದು ತಮಗೆ ನೆನಪಿರಬಹುದು. ಬೆಳಗಾವಿಯಿಂದ ಬಾಳೇಕುಂದ್ರಿಯ ಕಡೆಗೆ ಹೊರಟಿದ್ದ ಬಸ್ಸಿನಲ್ಲಿ ಟಿಕೆಟ್ ವಿಚಾರಕ್ಕೆ ಮಾತು ಬೆಳೆಯಿತು, ಆ ಮಾತು ಮರಾಠಿಯಲ್ಲೋ ಕನ್ನಡದಲ್ಲೋ ಎಂಬ ಕಡೆಗೆ ತಿರುಗಿತು, ನಿರ್ವಾಹಕರ ಮೇಲೆ ಹಲ್ಲೆಯಾಯಿತು. ಅದೇ ರಾತ್ರಿ ಇಲ್ಲಿಂದ ಬಹುದೂರದ ಚಿತ್ರದುರ್ಗದಲ್ಲಿ ಮಹಾರಾಷ್ಟ್ರದ ಬಸ್ಸನ್ನು ತಡೆದು ಚಾಲಕರಿಗೆ ಮಸಿ ಬಳಿದರು. ಆ ಮೇಲೆ ಎರಡೂ ರಾಜ್ಯಗಳ ನಡುವೆ ಬಸ್ ಸಂಚಾರವೇ ನಿಂತಿತು. ಕೊಲ್ಲಾಪುರದ ಆಸ್ಪತ್ರೆಗೆ ಹೋಗಬೇಕಿದ್ದ ರೋಗಿ, ಪುಣೆಯಲ್ಲಿ ಓದುವ ಹುಡುಗ, ನಿಪ್ಪಾಣಿಯಿಂದ ದಿನವೂ ಕಾಗಲ್‌ಗೆ ಕೆಲಸಕ್ಕೆ ಹೋಗುವ ಕಾರ್ಮಿಕ, ಇವರಿಗೂ ಆ ಟಿಕೆಟ್ಟಿಗೂ ಏನು ಸಂಬಂಧ? ಹಲ್ಲೆ ಅಪರಾಧವೇ, ಅದಕ್ಕೆ ಶಿಕ್ಷೆಯಾಗಲೇಬೇಕು. ಆದರೆ ಹೊಡೆದ ನಾಲ್ಕು ಜನರ ತಪ್ಪು ಒಂದಿಡೀ ಭಾಷೆಯವರ ತಪ್ಪಾಗಿ ಮಾರ್ಪಡಲು ಒಂದು ರಾತ್ರಿಯೂ ಬೇಕಾಗಲಿಲ್ಲ.

ಇಲ್ಲಿ ಹಾಗಾಗುವುದಕ್ಕೆ ಕಾರಣ ಹಳೆಯದು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತು. ಗಡಿಯ ತಕರಾರು ನೋಡಲೆಂದು ಕೇಂದ್ರ ಸರ್ಕಾರ ನೇಮಿಸಿದ ಮಹಾಜನ ಆಯೋಗ 1967ರಲ್ಲಿ ಕೊಟ್ಟ ವರದಿ ಬೆಳಗಾವಿ ಇಲ್ಲಿಯೇ ಇರಬೇಕೆಂದು ಹೇಳಿತು. ಬೆಳಗಾವಿ ತನಗೆ ಸೇರಬೇಕೆನ್ನುವ ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. ಆ ದಾವೆ ಹಾಗೆಯೇ ನಿಂತಿರುವುದರಿಂದ, ಗಲ್ಲಿಯ ಯಾವ ಸಣ್ಣ ಜಗಳಕ್ಕೂ ಆ ದೊಡ್ಡ ಜಗಳದ ಅಂಗಿ ತೊಡಿಸುವುದು ಸುಲಭ. ಕಿಡಿ ಇಲ್ಲಿಯದೇ ಆಗಿರಬೇಕೆಂದೂ ಇಲ್ಲ. 2021ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಶಿವಾಜಿ ಪ್ರತಿಮೆಗೆ ಯಾರೋ ಮಸಿ ಬಳಿದರೆ, ಇಲ್ಲಿ ವಾಹನಗಳಿಗೆ ಕಲ್ಲು ಬಿದ್ದವು, ಅನಗೋಳದಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆಯನ್ನು ವಿರೂಪಗೊಳಿಸಲಾಯಿತು. ಮರುವರ್ಷ ಹಿರೇಬಾಗೇವಾಡಿ ಟೋಲ್ ಬಳಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಹೊಡೆದ ಮೇಲೆ ಡಿಸೆಂಬರ್ 14ರಂದು ಕೇಂದ್ರ ಗೃಹ ಸಚಿವರು ಇಬ್ಬರು ಮುಖ್ಯಮಂತ್ರಿಗಳನ್ನೂ ದೆಹಲಿಗೆ ಕರೆಸಿ ಮಾತನಾಡಿದಾಗ, ನಾಯಕರ ಹೆಸರಿನ ನಕಲಿ ಟ್ವಿಟರ್ ಖಾತೆಗಳು ಬೆಂಕಿಗೆ ತುಪ್ಪ ಸುರಿದದ್ದೂ ಅಲ್ಲಿ ಚರ್ಚೆಗೆ ಬಂದಿತ್ತು.

ಕಾಯುವ ಕೆಲಸ ಹೇಗೆ ನಡೆಯುತ್ತದೆಂದರೆ, ಅದಕ್ಕೊಂದು ಪಂಚಾಂಗವೇ ಇದೆ. ವೈಶಾಖದಲ್ಲಿ ಶಿವ ಜಯಂತಿ ಮತ್ತು ಬಸವ ಜಯಂತಿ ಒಂದರ ಬೆನ್ನಿಗೆ ಒಂದು ಬರುತ್ತವೆ. ಭಾದ್ರಪದದಲ್ಲಿ ಗಣೇಶ, ಎರಡೂ ಪಂಚಾಂಗ ಕೂಡಿ ಬಂದ ವರ್ಷ ಅದರ ಮಗ್ಗುಲಿಗೇ ಈದ್ ಮಿಲಾದ್. ನವೆಂಬರ್ 1ರಂದು ಒಂದು ಕಡೆ ಚೆನ್ನಮ್ಮ ವೃತ್ತದಲ್ಲಿ ಕಾಲಿಡಲು ಜಾಗವಿಲ್ಲದಂತೆ ರಾಜ್ಯೋತ್ಸವ, ಅದೇ ಬೆಳಗ್ಗೆ ಇನ್ನೊಂದು ಕಡೆ, ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕೆನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿಯ ಕರಾಳ ದಿನ. ಡಿಸೆಂಬರ್‌ನಲ್ಲಿ ಸುವರ್ಣ ವಿಧಾನಸೌಧದ ಅಧಿವೇಶನ. ಜನವರಿ 17ರಂದು, ಗಡಿ ಹೋರಾಟದಲ್ಲಿ ಸತ್ತವರ ನೆನಪಿಗೆ ಅದೇ ಸಮಿತಿ ಆಚರಿಸುವ ಹುತಾತ್ಮ ದಿನ. ಇವುಗಳ ಹದಿನೈದು ದಿನ ಮೊದಲೇ ಠಾಣೆಯಿಂದ ಕರೆ ಬರುತ್ತದೆ. ಹೀಗೆ ನಮ್ಮ ಅಂಗಡಿಗೂ ಪೊಲೀಸರಿಗೂ ಹಂಗಾಮು ಒಂದೇ. ಹೊರಗಿನವರಿಗೆ ತಿಳಿಯದ ಒಂದು ಸಂಗತಿ ಹೇಳುತ್ತೇನೆ: ಕನ್ನಡ ಬಾವುಟದ ಹಳದಿಗೂ, ಶಿವ ಜಯಂತಿಯ ಕೇಸರಿಗೂ, ಮಿಲಾದ್‌ನ ಹಸಿರಿಗೂ ಮುದ್ರಣ ಯಂತ್ರಕ್ಕೆ ಬೇಕಾಗುವುದು ಅದೇ ಹಳದಿ ಶಾಯಿ. ನಮ್ಮಲ್ಲಿ ವರ್ಷವಿಡೀ ಮೊದಲು ಮುಗಿಯುವ ಡಬ್ಬಿ ಅದೇ.

ಶಾಂತಿ ಸಭೆಯ ಬಗ್ಗೆ ಹೆಚ್ಚು ಗೌರವದಿಂದ ಬರೆಯಲು ನನಗೆ ಆಗುವುದಿಲ್ಲ. ಪ್ಲಾಸ್ಟಿಕ್ ಕುರ್ಚಿಗಳು, ಅರ್ಧ ಕಪ್ ಚಹಾ, ಎಲ್ಲರ ಬಾಯಲ್ಲೂ ಸೌಹಾರ್ದದ ಮಾತು. ಕೆಲಸಕ್ಕೆ ಬರುವ ಮಾತು ಸಭೆ ಮುಗಿದು ಗಾಡಿಯ ಕಿಕ್ ಹೊಡೆಯುವಾಗ ಬರುತ್ತದೆ. ಕಳೆದೊಂದು ಸಭೆಯ ನಂತರ ತರಕಾರಿ ಮಾರುವ ಹಿರಿಯರೊಬ್ಬರು ಅಧಿಕಾರಿಯ ಹತ್ತಿರ ಹೋಗಿ, “ಸಾಹೇಬ್ರ, ಮೂಲಿ ಕಂಬದ ಲೈಟ್ ಎಂಟು ದಿನ ಆತು ಹತ್ತವಲ್ದು. ಅದರ ಬುಡಕ ಯಾರೋ ಖಡಿ ಒಟ್ಯಾರ” ಎಂದು ಮೆಲ್ಲಗೆ ಹೇಳಿದರು. ಆ ಒಂದು ಮಾತು ಸಭೆಯ ಎಲ್ಲ ಭಾಷಣಗಳಿಗಿಂತ ತೂಕದ್ದು. ಮೆರವಣಿಗೆ ತಿರುಗುವ ಮೂಲೆ, ಅಲ್ಲಿ ಕತ್ತಲು, ಕೈಗೆ ಸಿಗುವಂತೆ ಕಲ್ಲಿನ ರಾಶಿ. ಮನೆ ಕಟ್ಟುವವರು ತಂದು ಹಾಕಿದ ಖಡಿ ಅದು, ಸಂಚು ಏನೂ ಇರಲಿಲ್ಲ. ಆದರೂ ಮರುದಿನ ಮಹಾನಗರ ಪಾಲಿಕೆಯ ಟ್ರ್ಯಾಕ್ಟರ್ ಬಂದು ಎತ್ತಿಕೊಂಡು ಹೋಯಿತು, ಸಂಜೆಗೆ ದೀಪ ಹತ್ತಿತು. ಜೋತುಬಿದ್ದ ತಂತಿ, ಡಿಜೆ ಗಾಡಿಯ ಎತ್ತರ, ಪ್ರಾರ್ಥನೆಯ ಹೊತ್ತಿಗೆ ಮಸೀದಿಯ ಮುಂದೆ ವಾದ್ಯ ನಿಲ್ಲಿಸುವುದು, ಯಾವ ಗಣೇಶೋತ್ಸವ ಮಂಡಳಿ ಯಾವುದರ ಹಿಂದೆ ಸಾಗಬೇಕೆಂಬ ಸರದಿ, ಹೀಗೆ ಭದ್ರತೆ ಎಂಬ ದೊಡ್ಡ ಶಬ್ದದ ಒಳಗಿರುವುದೆಲ್ಲ ಇಂಥ ಸಣ್ಣ ಕೆಲಸಗಳು.

ಕಾನೂನಿನ ಕೆಲಸ ಬೇರೆಯೇ ನಡೆಯುತ್ತದೆ. ರೌಡಿ ಪಟ್ಟಿಯಲ್ಲಿರುವವರನ್ನು ಹಬ್ಬದ ಮುಂಚೆ ಕರೆಸಿ, ಶಾಂತಿ ಕದಡುವುದಿಲ್ಲವೆಂದು ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಮೊದಲು ಇದು ದಂಡ ಪ್ರಕ್ರಿಯಾ ಸಂಹಿತೆಯ 107ನೇ ಕಲಮು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಮು. ನಿಷೇಧಾಜ್ಞೆಯ 144 ಈಗ 163 ಆಗಿದೆ, ಆದರೆ ಊರಿನವರ ಬಾಯಲ್ಲಿ ಇನ್ನೂ “144 ಹಾಕ್ಯಾರ” ಎಂದೇ ಇದೆ. ಪಟ್ಟಿ ಬೇಕು, ನಿಜ. ಆದರೆ ಪಟ್ಟಿಗೆ ಹೆಸರು ಸೇರುವಷ್ಟು ಬೇಗ ಹೊರಗೆ ಬರುವುದಿಲ್ಲ. ನಮ್ಮ ಗಲ್ಲಿಯಲ್ಲಿ ಒಬ್ಬರಿದ್ದಾರೆ, ಯೌವನದಲ್ಲಿ ಒಮ್ಮೆ ತಾಲೀಮಿನ, ಅಂದರೆ ಗರಡಿಮನೆಯ, ಮುಂದೆ ಹೊಡೆದಾಡಿದವರು. ಈಗ ಮೊಮ್ಮಗನ ಕೈ ಹಿಡಿದುಕೊಂಡು, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಪ್ರತಿ ಚೌತಿಯ ಮುಂಚೆ ಸಹಿ ಹಾಕಲು ಹೋಗುತ್ತಾರೆ. ಹೊಸದಾಗಿ ಮೀಸೆ ಮೂಡಿದ ಹುಡುಗರಲ್ಲಿ ಯಾರು ರಾತ್ರಿಯೆಲ್ಲ ಫೋನಿನಲ್ಲಿ ಏನು ಹಂಚುತ್ತಿದ್ದಾರೆ ಎಂಬುದು ಮಾತ್ರ ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಅಂಥ ಒಬ್ಬ ಹುಡುಗ ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ಅಂಗಡಿಗೆ ಬಂದ. ಹತ್ತು ಅಡಿಯ ಬ್ಯಾನರ್, ಫೋಟೊ ಎಲ್ಲ ಸರಿಯಾಗಿತ್ತು, ಕೆಳಗಿನ ಒಂದು ಸಾಲು ಮಾತ್ರ ಎದುರಿನ ಓಣಿಯವರನ್ನು ಚುಚ್ಚುವಂಥದ್ದು. “ಕಾಕಾ, ಒಂದ ಲೈನ್ ಐತ್ರಿ, ಅಷ್ಟ ಹಾಕ್ರಿ” ಎಂದ. ಅವನು ದಿನವೂ ನಸುಕಿನಲ್ಲಿ ಸೈನ್ಯದ ಭರ್ತಿಗೆಂದು ಓಡುವುದನ್ನು ನಾನು ಕಂಡಿದ್ದೆ. ಮರಾಠಾ ಲಘು ಪದಾತಿ ದಳದ ಕೇಂದ್ರ ಇರುವ ಊರಿದು, ಇಲ್ಲಿಯ ಅರ್ಧ ಹುಡುಗರ ಕನಸು ಅದೇ. “ತಮ್ಮಾ, ಈ ಸಾಲಿಗೆ ಕೇಸ್ ಆತಂದ್ರ ಪೊಲೀಸ್ ವೆರಿಫಿಕೇಶನ್‌ನ್ಯಾಗ ನಿನ್ನ ಹೆಸರ ಬರ್ತೈತಿ. ಮತ್ತ ಯಾಕ ಓಡ್ತಿ ದಿನಾ?” ಎಂದೆ. ಅವನು ಸ್ವಲ್ಪ ಹೊತ್ತು ಪರದೆಯನ್ನೇ ನೋಡುತ್ತ ನಿಂತ, ಆಮೇಲೆ ಸಾಲು ತೆಗೆಯಲು ಹೇಳಿದ. ನಾನು ಪೊಲೀಸರಿಗೆ ಫೋನ್ ಮಾಡಲಿಲ್ಲ, ಅವನ ಮಂಡಳಿಯ ಅಧ್ಯಕ್ಷರಿಗೆ ಮಾಡಿದೆ. ಇದು ಸರಿಯೋ ತಪ್ಪೋ ಎಂದು ಕೆಲವರು ವಾದಿಸಬಹುದು. ಚೂರಿಯ ಮಾತು, ಕಲ್ಲಿನ ಮಾತು ಬಂದಿದ್ದರೆ ನಾನು 112ಕ್ಕೇ ಕರೆ ಮಾಡುತ್ತಿದ್ದೆ. ಶಾಯಿ ಹತ್ತದ ಒಂದು ಸಾಲಿಗೆ ಮನೆಯ ಹಿರಿಯರೇ ಸಾಕು ಎಂಬುದು ನನ್ನ ಅಭಿಪ್ರಾಯ.

ಹಿರಿಯರು ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ 2023ರ ಸೆಪ್ಟೆಂಬರ್ ನೆನಪಾಗುತ್ತದೆ. ಆ ವರ್ಷ ಗಣೇಶ ವಿಸರ್ಜನೆಯೂ ಈದ್ ಮಿಲಾದ್ ಹಬ್ಬವೂ 28ನೇ ತಾರೀಖಿನಂದೇ ಬಿದ್ದಿದ್ದವು. ಬೆಳಗಾವಿಯ ಮುಸ್ಲಿಂ ಸಮಾಜದ ಹಿರಿಯರು ಕೂತು ಮಾತಾಡಿ ತಮ್ಮ ಮೆರವಣಿಗೆಯನ್ನು ಕೆಲವು ದಿನ ಮುಂದಕ್ಕೆ ಹಾಕಿಕೊಂಡರು. ನಮ್ಮ ಅಂಗಡಿಯಲ್ಲಿ ತಾರೀಖು ತಿದ್ದಿ ಮತ್ತೆ ಮುದ್ರಿಸಿಕೊಟ್ಟೆವು. 2020ರ ಆಗಸ್ಟ್‌ನಲ್ಲಿ ಪೀರನವಾಡಿಯಲ್ಲಿ ರಾತ್ರೋರಾತ್ರಿ ರಾಯಣ್ಣನ ಪ್ರತಿಮೆ ನಿಂತು, ಅದು ಶಿವಾಜಿಯ ಹೆಸರಿನ ವೃತ್ತವೆಂದು ಇನ್ನೊಂದು ಗುಂಪು ಸೇರಿ, ಲಾಠಿ ಬೀಸುವವರೆಗೂ ಹೋಗಿತ್ತು. ಕೊನೆಗೆ ಎರಡೂ ಕಡೆಯವರನ್ನು ಕೂರಿಸಿ, ವೃತ್ತಕ್ಕೆ ಶಿವಾಜಿಯ ಹೆಸರು, ಅಲ್ಲಿಯೇ ರಾಯಣ್ಣನ ಪ್ರತಿಮೆ ಎಂದು ತೀರ್ಮಾನವಾಯಿತು. ನಗುವವರು ನಗಬಹುದು, ಆದರೆ ಆ ವೃತ್ತದಲ್ಲಿ ಜನ ಬಸ್ ಹತ್ತಿ ಇಳಿಯುತ್ತಿದ್ದಾರೆ.

ಕಾಯುತ್ತೇವೆಂದು ಹೊರಟವರೇ ಅಪಾಯವಾಗುವುದೂ ಉಂಟು. 2024ರ ಜನವರಿಯಲ್ಲಿ ಕಿಲ್ಲಾ ಕೆರೆಯ ಬಳಿ ಕುಳಿತಿದ್ದ ಒಬ್ಬ ಯುವಕ ಮತ್ತು ಯುವತಿಯನ್ನು ಬೇರೆ ಬೇರೆ ಧರ್ಮದ ಜೋಡಿ ಎಂದು ಭಾವಿಸಿ ಕೆಲವರು ಎಳೆದೊಯ್ದು ಹೊಡೆದರು. ಅವರಿಬ್ಬರು ಯುವನಿಧಿ ಯೋಜನೆಗೆ ಅರ್ಜಿ ಹಾಕಲು ಬಂದಿದ್ದ ಸೋದರ ಸಂಬಂಧಿಗಳು. ಸಂಬಂಧಿಗಳಲ್ಲದಿದ್ದರೂ ಹೊಡೆಯುವ ಅಧಿಕಾರ ಯಾರಿಗೂ ಇರಲಿಲ್ಲ ಎಂಬ ಮಾತು ಬೇರೆ. ಇನ್ನೂ ಕೆಟ್ಟದ್ದು 2025ರ ಜುಲೈನಲ್ಲಿ ಸವದತ್ತಿ ತಾಲ್ಲೂಕಿನ ಹೂಲಿಕಟ್ಟಿಯಲ್ಲಿ ನಡೆಯಿತು. ಸರ್ಕಾರಿ ಶಾಲೆಯ ನೀರಿನ ಟ್ಯಾಂಕಿಗೆ ವಿಷ ಬೆರೆತು ಮಕ್ಕಳು ಅಸ್ವಸ್ಥರಾದರು. ಪೊಲೀಸರು ಹೇಳಿದಂತೆ, ಮುಸ್ಲಿಂ ಮುಖ್ಯ ಶಿಕ್ಷಕರಿಗೆ ಕೆಟ್ಟ ಹೆಸರು ತಂದು ಅವರನ್ನು ವರ್ಗ ಮಾಡಿಸಬೇಕೆಂದು, ಅದೇ ಶಾಲೆಯ ಒಬ್ಬ ಹುಡುಗನ ಕೈಯಿಂದ ಕೀಟನಾಶಕ ಹಾಕಿಸಲಾಗಿತ್ತು. ಅಲ್ಲಿ ಅಪರಾಧ ನಡೆದು ಆಮೇಲೆ ಜಗಳದ ಬಣ್ಣ ಬಂದದ್ದಲ್ಲ, ಜಗಳ ಹುಟ್ಟಿಸಲೆಂದೇ ಅಪರಾಧ ಮಾಡಿದ್ದು. ಮೊದಲ ದಿನವೇ ಊರವರು ಶಿಕ್ಷಕರ ಮೇಲೆ ಬಿದ್ದಿದ್ದರೆ ಪೊಲೀಸರ ತನಿಖೆ ಯಾರಿಗೆ ಬೇಕಿತ್ತು?

ಇನ್ನೊಂದು ಮಾತನ್ನು ಹೇಳದೆ ಹೋದರೆ ನಾನು ಊರಿನ ಪರವಾಗಿ ವಕಾಲತ್ತು ಮಾಡಿದಂತಾಗುತ್ತದೆ. 2023ರ ಡಿಸೆಂಬರ್‌ನಲ್ಲಿ ಅಧಿವೇಶನಕ್ಕೆಂದು ರಾಜ್ಯದ ಎಲ್ಲ ಕಡೆಯ ಪೊಲೀಸರು ಇಲ್ಲಿ ಬೀಡುಬಿಟ್ಟಿದ್ದರು. ಅದೇ ವಾರ, 11ನೇ ತಾರೀಖಿನ ನಸುಕಿನಲ್ಲಿ, ಬೆಳಗಾವಿ ತಾಲ್ಲೂಕಿನ ಹೊಸ ವಂಟಮುರಿಯಲ್ಲಿ, ಮಗ ಪ್ರೀತಿಸಿದವಳ ಜೊತೆ ಊರು ಬಿಟ್ಟನೆಂಬ ಸಿಟ್ಟಿಗೆ ತಾಯಿಯನ್ನು ವಿವಸ್ತ್ರಗೊಳಿಸಿ ಕಂಬಕ್ಕೆ ಕಟ್ಟಿ ಹೊಡೆದರು. ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು, ಹೊಡೆದವರ ಜೊತೆಗೆ ನೋಡುತ್ತ ನಿಂತವರನ್ನೂ ತರಾಟೆಗೆ ತೆಗೆದುಕೊಂಡಿತು. ಭಾಷೆಯ ಗಲಾಟೆ, ಧರ್ಮದ ಗಲಾಟೆ ಎಂದು ನಾವು ಮೆರವಣಿಗೆಯ ದಾರಿಯನ್ನೇ ಕಾಯುತ್ತ ಕೂತಾಗ, ಒಂದೇ ಊರಿನ, ಒಂದೇ ಭಾಷೆಯ ಮನೆಗಳ ನಡುವೆ ಆ ರಾತ್ರಿ ಯಾರೂ ಕಾಯಲಿಲ್ಲ.

ತಾವು ಬಂದ ಮೇಲೆ ಮಾಡಬೇಕಾದದ್ದು ಹೆಚ್ಚೇನಿಲ್ಲ. ಬಾಡಿಗೆ ಮನೆಯ ಮಾಲೀಕರು ಮರಾಠಿಯಲ್ಲಿ ಮಾತು ತೆಗೆದರೆ ತಾವು ಕನ್ನಡದಲ್ಲಿಯೇ ಉತ್ತರಿಸಿ. ಇಬ್ಬರಿಗೂ ಅರ್ಥವಾಗುತ್ತದೆ, ಇಲ್ಲಿ ಬಹಳಷ್ಟು ಮನೆಗಳಲ್ಲಿ ಮಾತುಕತೆ ನಡೆಯುವುದೇ ಹಾಗೆ. ಬೀಟ್ ಪೊಲೀಸರ ನಂಬರ್ ಬರೆದಿಟ್ಟುಕೊಳ್ಳಿ. ಗಲ್ಲಿಯ ಮೂಲೆಯಲ್ಲಿ ಸೀಮೆಸುಣ್ಣದಿಂದ ಗಲ್ಲಿಯ ಸುದ್ದಿ ಬರೆಯುವ ಕಪ್ಪು ಹಲಗೆಯನ್ನು ದಿನಕ್ಕೊಮ್ಮೆ ನೋಡಿ, ಫೋನಿಗೆ ಬಂದ ವಿಡಿಯೊಕ್ಕಿಂತ ಅದು ನಂಬಿಕೆಗೆ ಅರ್ಹ, ಏಕೆಂದರೆ ಬರೆದವರು ಎದುರುಮನೆಯವರೇ ಆಗಿರುತ್ತಾರೆ. ವಿಸರ್ಜನೆಯ ರಾತ್ರಿ ಮಾತ್ರ ಕಪಿಲೇಶ್ವರ ಸೇತುವೆಯ ಕಡೆ ಗಾಡಿ ತರಬೇಡಿ. ಹುತಾತ್ಮ ಚೌಕದಿಂದ ಹೊರಟ ಮೆರವಣಿಗೆಯ ಕೊನೆಯ ಗಣಪತಿಯು ವಿಸರ್ಜನೆಯ ಹೊಂಡವನ್ನು ತಲುಪುವಷ್ಟರಲ್ಲಿ ಮರುದಿನದ ಬಿಸಿಲು ಏರಿರುತ್ತದೆ.